ವಿಶ್ವಕಪ್‌ಗೆ ಎಷ್ಟು ಬಾಗಿಲು?

2025ರ ಒಂದೇ ವರ್ಷದಲ್ಲಿ ಭಾರತದವರು ಗೆದ್ದ ವಿಶ್ವಕಪ್‌ಗಳನ್ನು ಎಣಿಸಿ ನೋಡಿ. ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ, ಅದೂ ಪುರುಷರದ್ದು ಮತ್ತು ಮಹಿಳೆಯರದ್ದು ಎರಡೂ. ಜುಲೈಯಲ್ಲಿ ಜಾರ್ಜಿಯಾ ದೇಶದ ಬಟುಮಿಯಲ್ಲಿ ದಿವ್ಯಾ ದೇಶಮುಖ್ ಗೆದ್ದ ಮಹಿಳಾ ಚೆಸ್. ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ತಂಡಕ್ಕೆ ಒಲಿದ ಮಹಿಳಾ ಕ್ರಿಕೆಟ್. ಅದೇ ತಿಂಗಳು ಕೊಲಂಬೊದಲ್ಲಿ ಅಂಧ ಮಹಿಳೆಯರ ಟಿ20, ಢಾಕಾದಲ್ಲಿ ಮಹಿಳಾ ಕಬಡ್ಡಿ. ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಸ್ಕ್ವಾಷ್. ಇವುಗಳಲ್ಲಿ ಒಂದಕ್ಕೆ ದೇಶವೆಲ್ಲ ರಾತ್ರಿಯಿಡೀ ಪಟಾಕಿ ಹೊಡೆಯಿತು. ಮತ್ತೆ ಕೆಲವು ನಡೆದದ್ದೇ ಅನೇಕರಿಗೆ ತಿಳಿಯಲಿಲ್ಲ.

ಇವೆಲ್ಲ ಒಂದೇ ತೂಕದ ಗೆಲುವುಗಳೇ? ಅಲ್ಲ. ಹಾಗೆಂದು ಪಟಾಕಿಯ ಸದ್ದನ್ನು ನಂಬಿ ತೂಗುವುದೂ ಸರಿಯಲ್ಲ. ಯಾವುದೇ ವಿಶ್ವಕಪ್‌ನ ತೂಕ ತಿಳಿಯಬೇಕಾದರೆ ಎರಡು ಸಂಗತಿ ನೋಡಬೇಕು. ಆಡಲು ಬಂದವರು ಯಾವ ಬಾಗಿಲಿಂದ ಒಳಗೆ ಬಂದರು? ಆ ಆಟದಲ್ಲಿ ಇದಕ್ಕಿಂತ ಮೇಲಿನ ಪಟ್ಟ ಬೇರೊಂದು ಇದೆಯೇ? ಈ ಅಧ್ಯಾಯದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಆ ಬಾಗಿಲ ಹತ್ತಿರವೇ.

ಫುಟ್‌ಬಾಲ್‌ನಿಂದ ಆರಂಭಿಸೋಣ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಮೊದಲ ವಿಶ್ವಕಪ್ ನಡೆದಾಗ ಅರ್ಹತಾ ಸುತ್ತು ಎಂಬುದೇ ಇರಲಿಲ್ಲ. ಕರೆದರು, ಬರುವವರು ಬಂದರು. 1924 ಮತ್ತು 1928ರ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಉರುಗ್ವೆ ತನ್ನ ಸಂವಿಧಾನದ ನೂರನೇ ವರ್ಷವನ್ನು ಆಚರಿಸುತ್ತಿತ್ತು. ಬರುವ ತಂಡಗಳ ಪ್ರಯಾಣ, ವಸತಿಯ ವೆಚ್ಚವನ್ನೂ ತಾನೇ ಭರಿಸುವುದಾಗಿ ಹೇಳಿತ್ತು. ಆದರೂ ಯುರೋಪಿನಿಂದ ಹೊರಟವು ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ, ಯುಗೊಸ್ಲಾವಿಯಾ, ಈ ನಾಲ್ಕೇ. ಎರಡು ವಾರದ ಹಡಗು ಪ್ರಯಾಣಕ್ಕೆ ಉಳಿದವರು ಒಪ್ಪಲಿಲ್ಲ. ಯುಗೊಸ್ಲಾವಿಯಾ ಬೇರೆ ಹಡಗು ಹಿಡಿಯಿತು. ಉಳಿದ ಮೂರು ತಂಡಗಳು ‘ಕಾಂಟೆ ವರ್ಡೆ’ ಎಂಬ ಒಂದೇ ಹಡಗಿನಲ್ಲಿ ಹೊರಟವು. ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಅದೇ ಹಡಗಿನಲ್ಲಿ ಕಪ್ಪನ್ನು ಜೊತೆಗಿಟ್ಟುಕೊಂಡು ಬಂದರು, ದಾರಿಯಲ್ಲಿ ರಿಯೊ ಬಂದರಿನಿಂದ ಬ್ರೆಜಿಲ್ ತಂಡವೂ ಹತ್ತಿಕೊಂಡಿತು. ಮುಂದೆ ಎದುರುಬದುರಾಗಬೇಕಾದವರು ಡೆಕ್ಕಿನ ಮೇಲೆ ಒಟ್ಟಿಗೆ ಕಸರತ್ತು ಮಾಡುತ್ತಾ ಸಮುದ್ರ ದಾಟಿದರು. ಒಟ್ಟು ತಂಡಗಳು 13. ಫೈನಲ್‌ನಲ್ಲಿ ಯಾರ ಚೆಂಡಿನಲ್ಲಿ ಆಡಬೇಕೆಂಬ ಜಗಳ ಹುಟ್ಟಿ, ಮೊದಲರ್ಧಕ್ಕೆ ಅರ್ಜೆಂಟೀನಾದ ಚೆಂಡು, ಎರಡನೆಯ ಅರ್ಧಕ್ಕೆ ಉರುಗ್ವೆಯ ಚೆಂಡು ಎಂದು ತೀರ್ಮಾನವಾಯಿತು. ವಿರಾಮದ ಹೊತ್ತಿಗೆ 2-1ರಿಂದ ಮುಂದಿದ್ದ ಅರ್ಜೆಂಟೀನಾ ಕೊನೆಗೆ 2-4ರಿಂದ ಸೋತಿತು.

ನಾಲ್ಕೇ ವರ್ಷದಲ್ಲಿ ಚಿತ್ರ ಬದಲಾಯಿತು. 1934ರಲ್ಲಿ ಆಡಲು ಬಯಸಿದ ದೇಶಗಳು ಇದ್ದ ಜಾಗಕ್ಕಿಂತ ಹೆಚ್ಚಾದವು. ಅರ್ಹತಾ ಸುತ್ತು ಬಂತು, ಆತಿಥೇಯ ಇಟಲಿಯೇ ಗ್ರೀಸ್ ವಿರುದ್ಧ ಆಡಿ ಗೆದ್ದು ತನ್ನ ಮನೆಯೊಳಗೆ ಕಾಲಿಡಬೇಕಾಯಿತು. ಆಹ್ವಾನಪತ್ರಿಕೆಯ ಕೂಟ ಸ್ಪರ್ಧೆಯಾಗಿ ಬದಲಾದದ್ದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ.

ಆದರೆ ಅರ್ಹತಾ ಸುತ್ತು ಇದ್ದ ಮಾತ್ರಕ್ಕೆ ನ್ಯಾಯ ಸಿಕ್ಕಂತಲ್ಲ. ಇದನ್ನು ಜಗತ್ತಿಗೆ ತೋರಿಸಿದವರು ಆಫ್ರಿಕಾದವರು. 1966ರ ವಿಶ್ವಕಪ್‌ನಲ್ಲಿ 16 ತಂಡಗಳಿಗೆ ಜಾಗವಿತ್ತು, ಇಡೀ ಆಫ್ರಿಕಾ ಖಂಡಕ್ಕೆ ನೇರವಾಗಿ ಒಂದೂ ಇರಲಿಲ್ಲ. ಆಫ್ರಿಕಾದಲ್ಲಿ ಗೆದ್ದವರು ಏಷ್ಯಾ-ಓಷಿಯಾನಿಯಾದ ವಿಜೇತರ ಜೊತೆ ಮತ್ತೆ ಹೋರಾಡಬೇಕು, ಮೂರು ಖಂಡಗಳಿಗೆ ಸೇರಿ ಒಂದೇ ಜಾಗ. ಆಗಷ್ಟೇ ವಸಾಹತು ಆಡಳಿತದಿಂದ ಬಿಡುಗಡೆಯಾಗಿದ್ದ ದೇಶಗಳು ಇದನ್ನು ಸಹಿಸಲಿಲ್ಲ. ಘಾನಾ ಮುಂದೆ ನಿಂತಿತು, ಆಫ್ರಿಕಾದ ದೇಶಗಳೆಲ್ಲ ಒಟ್ಟಾಗಿ ಬಹಿಷ್ಕಾರ ಹಾಕಿದವು. ಆ ಒಂದು ಜಾಗ ಉತ್ತರ ಕೊರಿಯಾಕ್ಕೆ ಸಿಕ್ಕಿತು. ಯಾರೂ ಲೆಕ್ಕಕ್ಕಿಟ್ಟಿರದ ಆ ತಂಡ ಇಂಗ್ಲೆಂಡಿಗೆ ಬಂದು ಇಟಲಿಯನ್ನು 1-0ಯಿಂದ ಸೋಲಿಸಿ ಮನೆಗೆ ಕಳಿಸಿತು. ಮೂಲೆಯಲ್ಲಿದ್ದವರಿಗೆ ಆಟ ಬರುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕೆ? 1970ರಲ್ಲಿ ಆಫ್ರಿಕಾಕ್ಕೆ ಒಂದು ನೇರ ಜಾಗ ಬಂತು, ಅದರಲ್ಲಿ ಆಡಿದ್ದು ಮೊರಾಕೊ. ಅದೇ ಮೊರಾಕೊ 2022ರಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡವಾಯಿತು. 48 ತಂಡಗಳ 2026ರ ಕೂಟದಲ್ಲಿ ಆಫ್ರಿಕಾಕ್ಕೆ 9 ನೇರ ಜಾಗಗಳನ್ನು ಇಡಲಾಗಿದೆ. ತಂಡಗಳು ಹೆಚ್ಚಾದರೆ ಗುಣಮಟ್ಟ ಇಳಿಯುತ್ತದೆ ಎಂದು ಕೊರಗುವವರು 1966ರ ಕಥೆಯನ್ನು ಒಮ್ಮೆ ಓದಬೇಕು.

ರಗ್ಬಿಯಲ್ಲಿ ಬಾಗಿಲು ಮುಚ್ಚಿದ್ದಕ್ಕೆ ಕಾರಣ ಬೇರೆ, ಅದು ಸರಿಯಾದ ಕಾರಣವೂ ಹೌದು. 1987ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಸೇರಿ ನಡೆಸಿದ ಮೊದಲ ರಗ್ಬಿ ವಿಶ್ವಕಪ್‌ಗೆ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ಬರಲಾಗಲಿಲ್ಲ. ಆ ನೀತಿ ಕುಸಿದ ಮೇಲೆ 1995ರಲ್ಲಿ ಅದೇ ದೇಶ ಆತಿಥ್ಯ ವಹಿಸಿ ಗೆದ್ದಿತು. ಬಿಳಿಯರ ಆಟವೆಂದು ಕಪ್ಪು ಜನ ದೂರವಿಟ್ಟಿದ್ದ ತಂಡದ ಹಸಿರು ಜೆರ್ಸಿಯನ್ನು ತೊಟ್ಟು ನೆಲ್ಸನ್ ಮಂಡೇಲಾ ನಾಯಕ ಫ್ರಾಂಸ್ವಾ ಪಿಯೆನಾರ್ ಕೈಗೆ ಕಪ್ ಕೊಟ್ಟರು.

ಕ್ರಿಕೆಟ್‌ಗೆ ಬಂದರೆ ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಕ್ರಿಕೆಟ್ ವಿಶ್ವಕಪ್ ಶುರುವಾದದ್ದು 1975ರಲ್ಲಿ ಎಂದು ಶಾಲೆಯ ರಸಪ್ರಶ್ನೆಗಳಲ್ಲೂ ಕೇಳುತ್ತಾರೆ. ಅದು ಪುರುಷರದ್ದು. ಮಹಿಳೆಯರು ಅದಕ್ಕೂ ಎರಡು ವರ್ಷ ಮೊದಲೇ, 1973ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ಆಡಿ ಮುಗಿಸಿದ್ದರು. ರೇಚಲ್ ಹೇಹೊ ಫ್ಲಿಂಟ್ ಎಂಬ ಆಟಗಾರ್ತಿಯ ಹಟ, ಜ್ಯಾಕ್ ಹೇವರ್ಡ್ ಎಂಬ ಉದ್ಯಮಿಯ ಹಣ, ಎರಡೂ ಸೇರಿ ಅದು ಸಾಧ್ಯವಾಯಿತು. ಏಳು ತಂಡಗಳನ್ನು ಹೊಂದಿಸಲು ‘ಯಂಗ್ ಇಂಗ್ಲೆಂಡ್’ ಎಂಬ ಎರಡನೇ ತಂಡವನ್ನೂ, ಹಲವು ದೇಶದವರ ಒಂದು ಮಿಶ್ರ ತಂಡವನ್ನೂ ಇಳಿಸಬೇಕಾಯಿತು. ಹೇಹೊ ಫ್ಲಿಂಟ್ ನಾಯಕತ್ವದ ಇಂಗ್ಲೆಂಡ್ ಗೆದ್ದಿತು. ಭಾರತದ ಹೆಣ್ಣುಮಕ್ಕಳು 1978ರಲ್ಲಿ ಮೊದಲ ಸಲ ಈ ಕಣಕ್ಕಿಳಿದರು. ಅಲ್ಲಿಂದ 2025ರ ನವಿ ಮುಂಬೈವರೆಗಿನ ದಾರಿ 47 ವರ್ಷದ್ದು.

ಪುರುಷರ 1983ರ ಗೆಲುವಿನ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಆದರೂ ಕನ್ನಡ ಓದುಗರು ಎರಡು ಹೆಸರನ್ನು ಮರೆಯಬಾರದು. ಜಿಂಬಾಬ್ವೆ ವಿರುದ್ಧ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡ ದಿನ ಕಪಿಲ್ ದೇವ್ ಅಜೇಯ 175 ಹೊಡೆದರು. ಅವರ ಜೊತೆ ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿ, 24 ರನ್‌ನೊಂದಿಗೆ ಕೊನೆಯವರೆಗೆ ನಿಂತವರು ಬೆಂಗಳೂರಿನ ಸೈಯದ್ ಕಿರ್ಮಾನಿ. ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ರೋಜರ್ ಬಿನ್ನಿ.

ಕ್ರಿಕೆಟ್‌ನ ಬಾಗಿಲು ವಿಚಿತ್ರವಾಗಿ ಹಿಗ್ಗಿ ಕುಗ್ಗಿದೆ. 2015ರಲ್ಲಿ 14 ತಂಡಗಳಿದ್ದದ್ದು 2019 ಮತ್ತು 2023ರಲ್ಲಿ 10ಕ್ಕೆ ಇಳಿಯಿತು. ಪ್ರಪಂಚದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಆಡುವ ಆಟಕ್ಕೆ ಇದು ಶೋಭೆಯಲ್ಲ. ಆದರೆ ಕಿರಿದಾದ ಬಾಗಿಲು ದೊಡ್ಡವರನ್ನೂ ಬಿಡಲಿಲ್ಲ. ಮೊದಲ ಎರಡು ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ 2023ರ ಅರ್ಹತಾ ಸುತ್ತಿನಲ್ಲಿ ಸ್ಕಾಟ್ಲೆಂಡಿಗೆ ಸೋತು ಹೊರಗುಳಿಯಿತು. ಟಿ20ಯಲ್ಲಿ ಮಾತ್ರ 20 ತಂಡಗಳಿಗೆ ಜಾಗ ಮಾಡಿದ್ದಾರೆ. ಅದರ ಫಲವಾಗಿ 2018 ಮತ್ತು 2022ರ ಫುಟ್‌ಬಾಲ್ ವಿಶ್ವಕಪ್‌ಗಳಿಗೆ ಅರ್ಹತೆ ಪಡೆಯದ ಇಟಲಿ, 2026ರ ಟಿ20 ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಹಾಕಿಯ ವಿಶ್ವಕಪ್ ಹುಟ್ಟಿದ್ದು ಪಾಕಿಸ್ತಾನದ ಏರ್ ಮಾರ್ಷಲ್ ನೂರ್ ಖಾನ್ ಅವರ ಕಲ್ಪನೆಯಲ್ಲಿ. ಕಪ್ಪಿನ ವಿನ್ಯಾಸವೂ ಪಾಕಿಸ್ತಾನದ್ದೇ. 1971ರ ಮೊದಲ ಕೂಟ ಅಲ್ಲಿಯೇ ನಡೆಯಬೇಕಿತ್ತು, ಆದರೆ ಆ ವರ್ಷದ ಭಾರತ-ಪಾಕ್ ಬಿಗುವಿನಿಂದ ಬಾರ್ಸಿಲೋನಾಕ್ಕೆ ಹೋಯಿತು. ಕೊಡಗಿಗೂ ಈ ಕಪ್ಪಿಗೂ ಆರಂಭದಿಂದಲೇ ನಂಟು. 1973ರಲ್ಲಿ ಫೈನಲ್ ಮುಟ್ಟಿ ನೆದರ್ಲೆಂಡ್ಸ್‌ಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತ ತಂಡದ ನಾಯಕ ಎಂ.ಪಿ. ಗಣೇಶ್, 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ. ಇಬ್ಬರೂ ಕೊಡಗಿನವರು. ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಭಾರತದ ಪುರುಷರ ತಂಡಕ್ಕೆ ಸಿಕ್ಕ ವಿಶ್ವಕಪ್ ಅದೊಂದೇ.

ಇಲ್ಲಿಯವರೆಗೆ ಕಂಡದ್ದು ಕೆಲವು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಆಡಿ ತೀರ್ಮಾನಿಸುವ ಕಪ್ಪು. ಇನ್ನೊಂದು ಬಗೆ ಪೂರ್ತಿ ಬೇರೆ. ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನ ವಿಶ್ವಕಪ್ 1967ರ ಜನವರಿಯಲ್ಲಿ ಶುರುವಾಯಿತು, ಅದನ್ನು ಕಟ್ಟಿದವರಲ್ಲಿ ಮುಖ್ಯರು ಸರ್ಜ್ ಲಾಂಗ್ ಎಂಬ ಪತ್ರಕರ್ತ. ಚಳಿಗಾಲವಿಡೀ ಊರಿಂದೂರಿಗೆ ಸುತ್ತುತ್ತಾ ನಡೆಯುವ ಓಟಗಳಲ್ಲಿ ಅಂಕ ಕೂಡಿಸುತ್ತಾ ಹೋಗುತ್ತಾರೆ. ಋತುವಿನ ಕೊನೆಗೆ ಹೆಚ್ಚು ಅಂಕದವರಿಗೆ ಸ್ಫಟಿಕದ ಗೋಳ. ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿಯಲ್ಲಿ ನೂರನೇ ವಿಶ್ವಕಪ್ ಗೆಲುವು ಪಡೆದರು ಎಂದು ಓದಿದಾಗ ಫುಟ್‌ಬಾಲ್ ಪ್ರೇಮಿ ಕಕ್ಕಾಬಿಕ್ಕಿಯಾದರೆ ತಪ್ಪಿಲ್ಲ. ಅದು ನೂರು ಓಟಗಳ ಲೆಕ್ಕ.

ಶೂಟಿಂಗ್, ಬಿಲ್ಲುಗಾರಿಕೆಗಳದ್ದೂ ಇದೇ ಕ್ರಮ. ಒಂದೇ ವರ್ಷದಲ್ಲಿ ಬೇರೆ ಬೇರೆ ನಗರಗಳಲ್ಲಿ ಹಲವು ವಿಶ್ವಕಪ್ ನಡೆಯುತ್ತವೆ, ಇವಕ್ಕಿಂತ ಮೇಲೆ ವಿಶ್ವ ಚಾಂಪಿಯನ್‌ಷಿಪ್ ಇದೆ, ಅದಕ್ಕೂ ಮೇಲೆ ಒಲಿಂಪಿಕ್ಸ್. 2013ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದು ಇಂಥ ಒಂದು ವಿಶ್ವಕಪ್‌ನಲ್ಲಿ. ಅದು ನಿಜವಾದ ಸಾಧನೆ. ಆದರೆ ಅದನ್ನು 1983ರ ಸಾಲಿಗೆ ಸೇರಿಸಿದರೂ ತಪ್ಪು, ಕಡೆಗಣಿಸಿದರೂ ತಪ್ಪು.

ಚೆಸ್‌ನಲ್ಲಿ ವಿಶ್ವಕಪ್ ಗೆದ್ದವರು ವಿಶ್ವ ಚಾಂಪಿಯನ್ ಆಗುವುದಿಲ್ಲ. ಅಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಕ್ಯಾಂಡಿಡೇಟ್ಸ್ ಕೂಟಕ್ಕೆ ಪ್ರವೇಶ ಸಿಗುತ್ತದೆ, ಅಲ್ಲಿ ಗೆದ್ದವರು ಚಾಂಪಿಯನ್‌ಗೆ ಸವಾಲು ಹಾಕುತ್ತಾರೆ. ಅಂದರೆ ಚೆಸ್ ವಿಶ್ವಕಪ್ಪೇ ಒಂದು ಬಾಗಿಲು, ಆದರೆ ತುಂಬ ಅಗಲವಾದದ್ದು. 2025ರ ಕೊನೆಯಲ್ಲಿ ಗೋವಾದಲ್ಲಿ 206 ಆಟಗಾರರು ನಾಕೌಟ್ ಆಡಿದರು, ಉಜ್ಬೇಕಿಸ್ತಾನದ ಹತ್ತೊಂಬತ್ತರ ಜಾವೊಖಿರ್ ಸಿಂದರೊವ್ ಗೆದ್ದ. ದಿವ್ಯಾ ಬಟುಮಿಗೆ ಹೋದಾಗ ಗ್ರ್ಯಾಂಡ್‌ಮಾಸ್ಟರ್ ಆಗಿರಲಿಲ್ಲ. ಫೈನಲ್‌ನ ಟೈಬ್ರೇಕ್‌ನಲ್ಲಿ ಕೊನೇರು ಹಂಪಿ ಅವರನ್ನು ಸೋಲಿಸಿದಾಗ ಕಪ್ಪಿನ ಜೊತೆ ಆ ಬಿರುದೂ ನೇರವಾಗಿ ಬಂತು.

ಪತ್ರಿಕೆಗಳ ಮೂಲೆಯಲ್ಲಿ ಉಳಿದುಬಿಡುವ ಒಂದು ಕಪ್ಪನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಧರ ಕ್ರಿಕೆಟ್‌ನ ಚೆಂಡು ಗಟ್ಟಿ ಪ್ಲಾಸ್ಟಿಕ್‌ನದು, ಒಳಗೆ ಬೇರಿಂಗ್ ಗುಂಡುಗಳಿರುವುದರಿಂದ ಉರುಳುವಾಗ ಗಲಗಲ ಸದ್ದು ಮಾಡುತ್ತದೆ. ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟರ್ ‘ಯೆಸ್’ ಎಂದ ಮೇಲೆ ‘ಪ್ಲೇ’ ಎಂದು ಕೂಗುತ್ತಾ ಕೈ ಕೆಳಗಿನಿಂದ ಎಸೆಯಬೇಕು. ಚೆಂಡು ಪಿಚ್ಚಿನ ಅರ್ಧದೊಳಗೇ ನೆಲಕ್ಕೆ ತಾಗಬೇಕು, ಇಲ್ಲದಿದ್ದರೆ ಸದ್ದು ಕೇಳುವುದಿಲ್ಲ. ಆಟಗಾರರನ್ನು ದೃಷ್ಟಿಯ ಪ್ರಮಾಣಕ್ಕೆ ತಕ್ಕಂತೆ ಬಿ1, ಬಿ2, ಬಿ3 ಎಂದು ವಿಂಗಡಿಸುತ್ತಾರೆ. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರು ಇರಲೇಬೇಕು. ಅವರು ಹೊಡೆದ ಪ್ರತಿ ರನ್ನಿಗೂ ಎರಡರ ಲೆಕ್ಕ, ಒಂದು ಪುಟಿತದ ಮೇಲೆ ಅವರು ಹಿಡಿದರೂ ಕ್ಯಾಚ್. ಯಾರನ್ನೂ ಹೊರಗಿಡದೆ ಸ್ಪರ್ಧೆಯನ್ನು ಹೇಗೆ ಕಟ್ಟಬಹುದೆಂದು ಈ ನಿಯಮಗಳಷ್ಟು ಚೆನ್ನಾಗಿ ಬೇರೆ ಯಾವ ಆಟವೂ ನನಗೆ ತೋರಿಸಿಲ್ಲ.

2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆದದ್ದು ಬೆಂಗಳೂರಿನಲ್ಲಿ. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್, ಮುಂದೆ 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್‌ನಲ್ಲಿ ಆರು ತಂಡಗಳಿದ್ದವು. ಫೈನಲ್‌ನಲ್ಲಿ ನೇಪಾಳವನ್ನು ಏಳು ವಿಕೆಟ್‌ಗಳಿಂದ ಮಣಿಸಿದ ತಂಡದ ನಾಯಕಿ ಟಿ.ಸಿ. ದೀಪಿಕಾ. ಆರೇ ತಂಡ ಎಂದು ಮೂಗು ಮುರಿಯುವ ಮೊದಲು 1973ರ ಮಹಿಳಾ ಕೂಟ ಏಳು ತಂಡ ಮಾಡಿಕೊಳ್ಳಲು ಪಟ್ಟ ಪಾಡು ನೆನಪಿರಲಿ.

ಖೊಖೊ ವಿಶ್ವಕಪ್‌ಗೂ ಅರ್ಹತಾ ಸುತ್ತು ಇರಲಿಲ್ಲ, ಬಂದ ಕೆಲವು ತಂಡಗಳಿಗೆ ಕಂಬದ ಸುತ್ತ ತಿರುಗುವುದೇ ಹೊಸ ಅಭ್ಯಾಸ. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಆ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ ಇದ್ದರು. ಇಷ್ಟು ಅಂತರದ ಫೈನಲ್ ಆಟ ಇನ್ನೂ ಹರಡಬೇಕಿರುವುದನ್ನು ಹೇಳುತ್ತದೆ.

ಕಬಡ್ಡಿ ಆ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿದೆ. 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಎತ್ತಿದ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ. ಪುರುಷರಲ್ಲಿ 2004 ಮತ್ತು 2007ರಲ್ಲಿ ಗೆದ್ದಿದ್ದ ಭಾರತ, 2016ರಲ್ಲಿ ಅಹಮದಾಬಾದಿಗೆ ಬಂದ ಉಳಿದ 11 ದೇಶಗಳನ್ನೂ ಸುಲಭವಾಗಿ ಮಣಿಸುತ್ತದೆ ಎಂದೇ ಎಲ್ಲರ ಲೆಕ್ಕವಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 34-32ರಿಂದ ಭಾರತವನ್ನು ಕೆಡವಿತು. ಆ ತಂಡದ ರೈಡರ್ ಜಾಂಗ್ ಕುನ್ ಲೀ ನಮ್ಮ ಪ್ರೊ ಕಬಡ್ಡಿಯಲ್ಲೇ ಪಳಗಿದವನು. ಇರಾನ್ ವಿರುದ್ಧದ ಫೈನಲ್‌ನಲ್ಲೂ ವಿರಾಮದ ಹೊತ್ತಿಗೆ ಭಾರತ 13-18ರಿಂದ ಹಿಂದಿತ್ತು. ಅಜಯ್ ಠಾಕೂರ್ ಒಂದರ ಹಿಂದೊಂದು ರೈಡ್‌ನಲ್ಲಿ ಅಂಕ ತಂದ ಮೇಲೆಯೇ ಅದು 38-29ರ ಗೆಲುವಾಗಿ ತಿರುಗಿದ್ದು.