ಸೈಕಲ್ ತುಳಿಯಿರಿ ಅಂದೆ, ಎಲ್ಲಿ ಅಂತ ಹೇಳಲಿಲ್ಲ



ಹೋದ ಸಲದ ಲೇಖನ ಓದಿದವರಲ್ಲಿ ಬಹಳ ಜನ ಒಂದೇ ಪ್ರಶ್ನೆ ಕಳಿಸಿದ್ದೀರಿ: "ಡಾಕ್ಟ್ರೇ, ಸ್ಟೆಂಟ್ ಹಾಕಿಸಿಕೊಂಡವರು ಸೈಕಲ್ ತುಳಿಯಬಹುದಾ?" ನಿಮ್ಮ ವೈದ್ಯರು ಪರೀಕ್ಷೆ ಮಾಡಿ ಒಪ್ಪಿದ್ದರೆ ಖಂಡಿತ ತುಳಿಯಬಹುದು. ಆದರೆ ಇದು ಅರ್ಧ ಉತ್ತರ ಅಂತ ನನಗೆ ಕಲಿಸಿದವರು ನನ್ನ ಒಬ್ಬ ಪೇಷಂಟ್.

ಕುಂದಾಪುರದ ಕಡೆಯವರು, 54 ವರ್ಷ. ಪುಣೆಗೆ ಬಂದು ಮೂವತ್ತು ವರ್ಷವಾಯಿತು, ಕ್ಯಾಂಪಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದೆವು. ಇನ್ನೊಂದು ಸಣ್ಣ ರಕ್ತನಾಳದಲ್ಲಿ ಶೇಕಡಾ 70ರಷ್ಟು ಅಡ್ಡಿ ಇತ್ತು, ಅದನ್ನು ಮಾತ್ರೆಗಳ ಮೇಲೆ ಬಿಟ್ಟಿದ್ದೆವು. ಎರಡು ತಿಂಗಳ ನಂತರ ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿಯೇ ಬಂತು. ಹಗಲೆಲ್ಲ ಕೂತಿರುವ ಮನುಷ್ಯ, ಮಂಡಿನೋವು ಬೇರೆ. ಹಾಗಾಗಿ "ನಡೆಯೋದು ಕಷ್ಟ ಆದರೆ ಸೈಕಲ್ ತುಳಿಯಿರಿ" ಅಂತ ಚೀಟಿಯಲ್ಲೇ ಬರೆದುಕೊಟ್ಟೆ.

ಅವರು ಮಾತು ಕೇಳುವ ಜನ. ಹಳೇ ಸೈಕಲ್ ಒಂದನ್ನು ತಗೊಂಡರು. ಮೊದಲ ಭಾನುವಾರವೇ ಹೋಟೆಲಿನ ಹುಡುಗರ ಜೊತೆ ಹಡಪ್ಸರ್ ದಾಟಿ ದಿವೆ ಘಾಟ್ ಹತ್ತಲು ಹೊರಟರು. ಜ್ಞಾನೇಶ್ವರರ ಪಾಲಕಿ ಹತ್ತುವ ಘಾಟ್ ಅದು. ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡಿತು. ಪಕ್ಕದಲ್ಲಿ ಲಾರಿಗಳ ಸಾಲು, ಕರೀ ಹೊಗೆ. ಕಟ್ಟೆಯ ಮೇಲೆ ಕೂತು ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡರು, ಹುಡುಗರು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಪುಣ್ಯಕ್ಕೆ ಹೊಸ ಆಘಾತ ಆಗಿರಲಿಲ್ಲ. ಮಾರನೇ ದಿನ ರೌಂಡ್ಸಿಗೆ ಹೋದಾಗ ಹೇಳಿದರು: "ಡಾಕ್ಟ್ರೇ, ಸೈಕಲ್ ತುಳಿ ಅಂದ್ರಿ. ಎಲ್ಲಿ ತುಳಿಯೂದು ಅಂತ ಹೇಳ್ಲಿಲ್ಲ ಅಲ್ದಾ?"

ತಪ್ಪು ನನ್ನದೇ. ಮಾತ್ರೆ ಬರೆಯುವಾಗ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟದ ಮೊದಲೋ ನಂತರವೋ ಎಲ್ಲ ಬರೆಯುತ್ತೇವೆ. ವ್ಯಾಯಾಮ ಬರೆಯುವಾಗ ಒಂದು ಪದ ಗೀಚಿ ಸುಮ್ಮನಾಗುತ್ತೇವೆ.

ಏರು ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆ ಕಣ್ಣಿಗೆ ಅಂಥದ್ದೇನೂ ಕಾಣುವುದಿಲ್ಲ. ಆದರೆ ಅದರಲ್ಲಿ ಒಂದು ಕಿಲೋಮೀಟರ್ ಹೋದರೆ 50 ಮೀಟರ್ ಮೇಲೇರಿದ ಹಾಗೆ, ಅಂದರೆ ಹದಿನಾರು ಮಹಡಿ. ನೀವೂ ಸೈಕಲ್ಲೂ ಸೇರಿ ನೂರು ಕೆ.ಜಿ. ಅಂದುಕೊಳ್ಳಿ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗಲು ಕಾಲಿನಿಂದ ಸುಮಾರು 50 ವ್ಯಾಟ್ ಶಕ್ತಿ ಸಾಕು. ಆ ಏರಿನಲ್ಲಿ ಹತ್ತರ ವೇಗಕ್ಕೇ ಸುಮಾರು 150 ವ್ಯಾಟ್ ಬೇಕು. ಮೂರು ಪಟ್ಟು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸಮತಟ್ಟಿನಲ್ಲಿ ಸುಸ್ತಾದರೆ ಕಾಲು ಬಿಟ್ಟು ಕೂರಬಹುದು, ಸೈಕಲ್ ತಾನೇ ಉರುಳುತ್ತದೆ. ಏರಿನಲ್ಲಿ ಹಾಗಿಲ್ಲ, ತೀರಾ ನಿಧಾನ ಮಾಡಿದರೆ ಸೈಕಲ್ ಬೀಳುತ್ತದೆ. ಮುಂದೆ ಹುಡುಗರು ಹೋಗುತ್ತಿದ್ದರೆ ಇಳಿದು ತಳ್ಳಲು ಮರ್ಯಾದೆಯೂ ಬಿಡುವುದಿಲ್ಲ.

ಹೊಗೆಯ ಮಾತಿಗೆ ಬರೋಣ. 2007ರಲ್ಲಿ ಎಡಿನ್‌ಬರೋದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಹಿಂದೆ ಹೃದಯಾಘಾತವಾಗಿ ಈಗ ಸ್ಥಿರವಾಗಿದ್ದ 20 ಗಂಡಸರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಒಂದು ಸಲ ಶುದ್ಧ ಗಾಳಿ, ಇನ್ನೊಂದು ಸಲ ತೆಳು ಮಾಡಿದ ಡೀಸೆಲ್ ಹೊಗೆ ಕೊಟ್ಟರು. ಅದೇ ಮನುಷ್ಯರು, ಅದೇ ವ್ಯಾಯಾಮ. ಹೊಗೆ ಉಸಿರಾಡಿದ ದಿನ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಗುರುತು ಹೆಚ್ಚಾಗಿ ಕಂಡಿತು. ಲಾರಿಯ ಹಿಂದೆ ಸೈಕಲ್ ತುಳಿಯುವವರು ಆ ಪ್ರಯೋಗವನ್ನು ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿದ್ದಾರೆ.

ಹಾಗಾದರೆ ಏರಿಲ್ಲದ, ವಾಹನಗಳಿಲ್ಲದ ದಾರಿ ಎಲ್ಲಿದೆ? ನನಗೆ ಇದು ಹೊಳೆದದ್ದು ಬಹಳ ದೂರದಲ್ಲಿ. 2017ರ ಆಗಸ್ಟಿನಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನ ಬಾರ್ಸಿಲೋನಾದಲ್ಲಿತ್ತು. ಅದು ಮುಗಿದ ಮೇಲೆ ಒಂದು ದಿನ ಉಳಿಸಿಕೊಂಡು ಜಿರೋನಾ ಊರಿಗೆ ಹೋಗಿ ಬಾಡಿಗೆ ಸೈಕಲ್ ಹಿಡಿದೆ. ಅಲ್ಲಿಂದ ಸಾಂತ್ ಫೆಲಿಯು ಅನ್ನುವ ಸಮುದ್ರದ ಊರಿಗೆ ಸುಮಾರು 40 ಕಿಲೋಮೀಟರ್ ದಾರಿ ಇದೆ. 1892ರಿಂದ 1969ರವರೆಗೆ ಅಲ್ಲಿ ನ್ಯಾರೋಗೇಜ್ ರೈಲು ಓಡುತ್ತಿತ್ತು. ರೈಲು ನಿಂತಿತು, ಹಳಿ ಕಿತ್ತರು, ಹಾದಿ ಉಳಿಯಿತು. ಸ್ಪೇನಿನಲ್ಲಿ 1993ರಿಂದ ಇಂಥ ಹಾದಿಗಳನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡುತ್ತಾ ಬಂದಿದ್ದಾರೆ, ಈಗ 3000 ಕಿಲೋಮೀಟರಿಗೂ ಮೇಲಿದೆ. 'ಹಸಿರು ದಾರಿ' ಅಂತ ಹೆಸರು. ದಕ್ಷಿಣದಲ್ಲಿ ಆಲಿವ್ ತೋಟಗಳ ನಡುವೆ ಹೋಗುವ ಒಂದಕ್ಕೆ 'ಎಣ್ಣೆ ದಾರಿ' ಅಂತಲೇ ಹೆಸರು. (ಆಲಿವ್ ಎಣ್ಣೆ ತಗೊಳ್ಳಬೇಕಾ, ಕಡಲೆಕಾಯಿ ಎಣ್ಣೆ ಸಾಕಾ ಅಂತ ಈಗಲೇ ಕೇಳಬೇಡಿ, ಅದಕ್ಕೆ ಬೇರೆ ದಿನ ಇಡೋಣ.)

ನಾನು ಹೋದ ಹಾದಿಯಲ್ಲಿ ಬಾಟಲಿ ಬಿರಡೆ ಮಾಡುವ ಕಾರ್ಕ್ ಮರಗಳು, ಹೊಲ, ಹಳೇ ಸ್ಟೇಷನ್ನುಗಳು. ಬಿಸಿಲು ಜೋರಾಗಿತ್ತು. ಎಪ್ಪತ್ತು ದಾಟಿದ ಗಂಡ ಹೆಂಡತಿ ಒಬ್ಬರು ಮಾತಾಡಿಕೊಂಡೇ ನನ್ನನ್ನು ದಾಟಿ ಹೋದರು. ನನ್ನ ಕಣ್ಣು ಮಾತ್ರ ಇಳಿಜಾರಿನ ಮೇಲಿತ್ತು. ಉಗಿಬಂಡಿಯ ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಕಡಿದಾದ ಏರು ಹತ್ತಲಾರದು, ಜಾರುತ್ತದೆ. ಅದಕ್ಕೇ ಎಂಜಿನಿಯರುಗಳು ಗುಡ್ಡ ಸೀಳಿ, ಸುತ್ತು ಹಾಕಿ, ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರೊಳಗೇ ಏರು ಇಡುತ್ತಿದ್ದರು. ಅವರು ಎಂಜಿನ್ ಉಳಿಸಲು ಮಾಡಿದ್ದು ಈಗ ಹೃದಯಗಳಿಗೆ ಒದಗುತ್ತಿದೆ.

ವಾಪಸು ಬರುವಾಗ ನನಗೆ ನಾಲೆ ನೆನಪಾಯಿತು. ನಾನು ದಾವಣಗೆರೆ ಕಡೆಯವನು. ಭದ್ರಾ ನಾಲೆಯ ಏರಿ ಮೇಲೆ ಸೈಕಲ್ ತುಳಿದು ಶಾಲೆಗೆ ಹೋದವನು. ರೈಲಿಗೆ ಸಣ್ಣ ಏರು ಸಾಧ್ಯ, ನೀರಿಗಂತೂ ಅದೂ ಇಲ್ಲ. ನೀರು ಇಳಿದೇ ಹೋಗಬೇಕು, ಅದೂ ದಡ ಕೊರೆಯದಷ್ಟು ಮೆಲ್ಲಗೆ. ದೊಡ್ಡ ನಾಲೆಗಳು ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ಏರಿಯ ಮೇಲಿನ ದಾರಿಯೂ ಹಾಗೇ ಹೆಚ್ಚು ಕಡಿಮೆ ಮಟ್ಟಸ.

ಪುಣೆಯವರಿಗೆ ಅಂಥ ನಾಲೆ ಮನೆ ಬಾಗಿಲಲ್ಲೇ ಇದೆ. ಖಡಕ್‌ವಾಸಲಾ ಅಣೆಕಟ್ಟಿನಿಂದ ಹೊರಟ ಮುಠಾ ಬಲದಂಡೆ ಕಾಲುವೆ ಸ್ವಾರಗೇಟ್ ಕಡೆಯಿಂದ ಬಂದು ಕ್ಯಾಂಪಿನ ಅಂಚಿನಲ್ಲಿ ಎಂಪ್ರೆಸ್ ಗಾರ್ಡನ್ ಹತ್ತಿರ ಹಾದು ಹಡಪ್ಸರ್, ಲೋಣಿ ಕಾಳ್ಭೋರ್ ಕಡೆಗೆ ಹೋಗುತ್ತದೆ. ನಮ್ಮ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಇದೇ ಪುಣೆಯಲ್ಲಿ. ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದು ಖಡಕ್‌ವಾಸಲಾದಲ್ಲೇ. ಊರು ಬಿಟ್ಟು ಇಲ್ಲಿಗೆ ಬಂದವರಲ್ಲಿ ನಾವೇ ಮೊದಲಿಗರಲ್ಲ.

ಪೂರ್ತಿ ಕಾಲುವೆ ಸೈಕಲ್ಲಿಗೆ ಸರಿ ಅಂತ ನಾನು ಹೇಳುತ್ತಿಲ್ಲ. ಊರೊಳಗೆ ಕಸ, ನಾಯಿ, ಒತ್ತುವರಿ ಎಲ್ಲ ಇದೆ. ಹಡಪ್ಸರ್ ದಾಟಿ ಕಬ್ಬಿನ ಗದ್ದೆ ಶುರುವಾದ ಮೇಲೆ ಹವೆ ಬೇರೆ. ಜನ ಓಡಾಡುವ, ಅಗಲವಾದ ತುಂಡು ಮಾತ್ರ ಆರಿಸಿಕೊಳ್ಳಿ. ಬೇಲಿ ಹಾಕಿದ್ದರೆ, ಬೋರ್ಡ್ ಇದ್ದರೆ ವಾಪಸು ಬನ್ನಿ. ಒಬ್ಬರೇ ಹೋಗಬೇಡಿ, ಮಳೆಗಾಲದಲ್ಲಿ ಹೋಗಲೇಬೇಡಿ. ನಾಲೆ ನೋಡಲು ಶಾಂತ, ಬಿದ್ದರೆ ಜಾರುವ ಅಂಚು ಹತ್ತಲು ಬಿಡುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ಸು ಉರುಳಿ 30 ಜನ ತೀರಿಕೊಂಡದ್ದನ್ನು ಮರೆಯಬೇಡಿ.

ನನ್ನ ಚೀಟಿ ಈಗ ಉದ್ದವಾಗಿದೆ. ವಾರಕ್ಕೆ ಒಟ್ಟು 150 ನಿಮಿಷ ಗುರಿ, ಆದರೆ ಶುರು ಹದಿನೈದು ನಿಮಿಷದಿಂದ. ತುಳಿಯುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಧಾನ ಮಾಡಿ. ಕೈಗಡಿಯಾರ ತೋರಿಸುವ ಬಡಿತ ನಂಬಬೇಡಿ. ಮೆಟೊಪ್ರೊಲಾಲ್‌ನಂಥ ಮಾತ್ರೆ ತಗೊಳ್ಳುವವರಲ್ಲಿ ಎಷ್ಟು ತುಳಿದರೂ ಬಡಿತ ಏರುವುದು ಕಡಿಮೆ, ಗಡಿಯಾರ ನೋಡಿ ಇನ್ನೂ ಜೋರಾಗಿ ತುಳಿದು ತೊಂದರೆ ತಂದುಕೊಂಡವರನ್ನು ನೋಡಿದ್ದೇನೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ನಸುಕಿಗೇ ಹೊರಡಬೇಡಿ, ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ಬಿಸಿಲು ಬಿದ್ದ ಮೇಲೆ ಹೋಗಿ. ನಿಮಗೆ ವೈದ್ಯರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ಜೇಬಿನಲ್ಲಿರಲಿ. ಎದೆ ಹಿಡಿದರೆ ಇಳಿದು, ಕೂತು, ಆಮೇಲೆ ನಾಲಿಗೆ ಕೆಳಗೆ ಇಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ. ವಯಾಗ್ರಾ ಜಾತಿಯ ಮಾತ್ರೆ ತಗೊಳ್ಳುವವರು ನಾಚಿಕೆ ಬಿಟ್ಟು ಮೊದಲೇ ವೈದ್ಯರಿಗೆ ಹೇಳಿ, ಎರಡೂ ಒಟ್ಟಿಗೆ ಸೇರಿದರೆ ರಕ್ತದೊತ್ತಡ ಅಪಾಯಕ್ಕೆ ಇಳಿಯುತ್ತದೆ.

ನಮ್ಮ ಕುಂದಾಪುರದವರು ಈಗ ವಾರಕ್ಕೆ ಮೂರು ದಿನ ತುಳಿಯುತ್ತಾರೆ, ಭಾನುವಾರ ಹನ್ನೆರಡು ಕಿಲೋಮೀಟರ್. ಹುಡುಗರು ಘಾಟಿಗೆ, ಇವರು ಕಾಲುವೆಗೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ವಾರಾಹಿ ನಾಲೆಯ ಪಕ್ಕ ನಿಂತ ಫೋಟೋ ಕಳಿಸಿದ್ದರು, ಜೊತೆಗೆ ಇನ್ನೊಂದು ಸೈಕಲ್ಲಿನ ಮೇಲೆ ಅವರ ಹೆಂಡತಿ. "ಇವಳಿಗೂ ಬರೆದುಕೊಡಿ ಡಾಕ್ಟ್ರೇ" ಅಂತ ಕೆಳಗೆ ಬರೆದಿದ್ದರು. ಮೊದಲು ಬಿ.ಪಿ. ನೋಡಿಸಿ, ಇಬ್ಬರೂ ನೀರಿನ ಕಡೆಯ ಅಂಚು ಬಿಟ್ಟು ಹೋಗಿ ಅಂತ ಉತ್ತರ ಕಳಿಸಿದೆ.