ಮತ್ಸ್ಯಕನ್ಯೆಯ ಬಾಲ, ಕಾಗೆಬಂಗಾರದ ಹೊಳಪು: ಮನೆಯಲ್ಲೇ ಸಿಲಿಕೋನ್ ಬಾಲ ಮಾಡುವವರು ಹಾಕಬೇಕಾದ ಲೆಕ್ಕ

ಬಾಲ ತೊಟ್ಟು ಈಜೋದು ಅಮೆರಿಕ, ಆಸ್ಟ್ರೇಲಿಯಾ, ಯೂರೋಪಿನಲ್ಲಿ ಕೆಲವರಿಗೆ ಹವ್ಯಾಸ, ಕೆಲವರಿಗೆ ಹೊಟ್ಟೆಪಾಡು. ಆ ಬಾಲವನ್ನು ಮನೆಯಲ್ಲೇ ಮಾಡುವುದು ಹೇಗೆ, ಅದಕ್ಕೆ ಬಣ್ಣ ಹಚ್ಚುವುದು ಯಾಕೆ ಅಷ್ಟು ಕಷ್ಟ, ಅದರ ಮಿನುಗಿಗೂ ಜಾರ್ಖಂಡ್‌ನ ಮಕ್ಕಳಿಗೂ ಏನು ಸಂಬಂಧ?

2019ರಲ್ಲಿ 'ದಿ ಲಿಟಲ್ ಮರ್‌ಮೇಡ್' ಸಿನಿಮಾಗೆ ಕಪ್ಪು ಗಾಯಕಿ ಹ್ಯಾಲಿ ಬೈಲಿ ಅವರನ್ನು ಡಿಸ್ನಿ ಆರಿಸಿದಾಗ ಸೋಶಿಯಲ್ ಮೀಡಿಯಾದಲ್ಲಿ ದೊಡ್ಡ ಗದ್ದಲವೇ ಆಯ್ತು. 'ಇವಳು ನಮ್ಮ ಏರಿಯಲ್ ಅಲ್ಲ' ಅನ್ನುವ ಧಾಟಿಯ ಹ್ಯಾಷ್‌ಟ್ಯಾಗ್ ಓಡಿತು. ಯಾರೂ ಕಣ್ಣಾರೆ ಕಂಡಿರದ ಜೀವಿಯೊಂದರ ಚರ್ಮದ ಬಣ್ಣ ಯಾವುದಿರಬೇಕು ಅಂತ ಜನ ಜಗಳಕ್ಕೆ ನಿಂತರು. 2023ರಲ್ಲಿ ಸಿನಿಮಾ ತೆರೆಗೆ ಬಂತು. ಅದರಲ್ಲಿ ಕಾಣುವ ಬಾಲ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದು.

ಅದೇ ವರ್ಷ ನೆಟ್‌ಫ್ಲಿಕ್ಸ್‌ನಲ್ಲಿ 'ಮರ್‌ಪೀಪಲ್' ಅನ್ನೋ ಸಾಕ್ಷ್ಯಚಿತ್ರ ಸರಣಿಯೂ ಬಂತು. ಅದರಲ್ಲಿ ಇದ್ದವರು ನಿಜವಾದ ಬಾಲ ತೊಟ್ಟು, ಉಸಿರು ಕಟ್ಟಿ ನೀರಿಗಿಳಿದು, ಅದರಿಂದಲೇ ಸಂಪಾದನೆ ಮಾಡಲು ಹೆಣಗುವ ಜನ. ದಪ್ಪಗಿರುವವರು, ಸಣ್ಣಗಿರುವವರು, ಕಪ್ಪು ಜನ, ಕ್ವಿಯರ್ ಜನ, ಗಂಡಸರು, ಎಲ್ಲರೂ ಇದ್ದರು. ಯಾರು ಮತ್ಸ್ಯಕನ್ಯೆ ಆಗಬಹುದು ಅನ್ನೋ ಪ್ರಶ್ನೆಗೆ ಹ್ಯಾಷ್‌ಟ್ಯಾಗ್‌ಗಿಂತ ಗಟ್ಟಿ ಉತ್ತರ ಅಲ್ಲಿತ್ತು: ತನ್ನ ಮೈಗೆ ಹೊಂದುವ ಬಾಲ ಇದ್ದವರೆಲ್ಲ ಆಗಬಹುದು.

ಆದರೆ ವೃತ್ತಿಪರರು ಅಳತೆಗೆ ತಕ್ಕಂತೆ ಮಾಡಿಕೊಡುವ ಒಂದು ಸಿಲಿಕೋನ್ ಬಾಲಕ್ಕೆ ಸಾವಿರಾರು ಡಾಲರ್ ಬೇಕು. ಹಾಗಾಗಿಯೇ ಗ್ಯಾರೇಜಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ ತಾವೇ ಮಾಡಿಕೊಳ್ಳುವವರ ದಂಡು ಬೆಳೆದಿದೆ.

ಬಾಲ ಯಾರ ಕಣ್ಣಿಗಾಗಿ?

ಸ್ವಂತ ಬಾಲ ಮಾಡಿಕೊಳ್ಳುವುದು ಹೊಸ ಶೋಕಿಯೇನಲ್ಲ. ಆಸ್ಟ್ರೇಲಿಯಾದ ಈಜುಗಾರ್ತಿ ಆನೆಟ್ ಕೆಲರ್‌ಮನ್ ಚಿಕ್ಕಂದಿನಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಸಿಕೊಂಡು ಬೆಳೆದವರು. ಕಾಲಿಗೆ ಬಲ ಬರಲಿ ಅಂತ ಈಜಿಗೆ ಇಳಿದವರು ಮುಂದೆ 1911ರ 'ದಿ ಮರ್‌ಮೇಡ್' ಚಿತ್ರದಲ್ಲಿ, ತೊಟ್ಟು ನಿಜವಾಗಿ ಈಜಬಹುದಾದ ಬಾಲದೊಂದಿಗೆ ಕಾಣಿಸಿಕೊಂಡರು. ತಮ್ಮ ಬಾಲದ ಉಡುಪುಗಳನ್ನು ಅವರೇ ವಿನ್ಯಾಸ ಮಾಡುತ್ತಿದ್ದರು, ಕೆಲವನ್ನು ಕೈಯಾರೆ ತಯಾರಿಸುತ್ತಿದ್ದರು. ಹೆಂಗಸರು ಪಾವಡೆ, ಕಾಲುಚೀಲ ಹಾಕಿಕೊಂಡೇ ನೀರಿಗಿಳಿಯಬೇಕು ಅನ್ನುವ ಕಾಲದಲ್ಲಿ ಮೈಗಂಟಿದ ಒಂದೇ ತುಂಡಿನ ಈಜುಡುಗೆಗಾಗಿ ವಾದಿಸಿದವರೂ ಅವರೇ.

1947ರಲ್ಲಿ ಫ್ಲಾರಿಡಾದ ವೀಕಿ ವಾಚಿ ಎಂಬ ಚಿಲುಮೆಯಲ್ಲಿ ನ್ಯೂಟನ್ ಪೆರಿ ನೀರೊಳಗಿನ ರಂಗಮಂದಿರ ಕಟ್ಟಿದರು. ಯುವತಿಯರು ಗಾಳಿಯ ಕೊಳವೆಯಿಂದ ಆಗಾಗ ಉಸಿರೆಳೆದುಕೊಂಡು ನೀರಿನಡಿ ಕುಣಿಯೋದು, ಜನ ಗಾಜಿನಾಚೆ ಕೂತು ನೋಡೋದು. ಆರಂಭದ ದಿನಗಳಲ್ಲಿ ಕಾರಿನ ಸದ್ದು ಕೇಳಿದರೆ ಆ ಹುಡುಗಿಯರೇ ಈಜುಡುಗೆಯಲ್ಲಿ ರಸ್ತೆಗೆ ಓಡಿ ಗಿರಾಕಿಗಳನ್ನು ಕರೆತರಬೇಕಿತ್ತು. ಆ ಜಾಗ 2008ರಿಂದ ಸರ್ಕಾರಿ ಉದ್ಯಾನ. ಪ್ರದರ್ಶನ ಇಂದಿಗೂ ನಡೆಯುತ್ತಿದೆ.

ಒಂದೇ ಬಾಲ, ಎರಡು ಕಥೆ. ಒಂದರಲ್ಲಿ ತೊಟ್ಟವಳು ಇನ್ನೊಬ್ಬರ ಕಣ್ಣಿಗೆ ಸರಕು. ಇನ್ನೊಂದರಲ್ಲಿ ತನ್ನ ಮೈ ಹೇಗಿರಬೇಕು ಅಂತ ತಾನೇ ತೀರ್ಮಾನಿಸುವವಳು. 2009ರ ಹೊತ್ತಿಗೆ ನ್ಯೂಜಿಲೆಂಡ್‌ನಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಈಜುಗಾರ್ತಿಯೊಬ್ಬರು ಕೇಳಿದ್ದಕ್ಕೆ, 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳಿಗೆ ಕೆಲಸ ಮಾಡಿದ್ದ ವೆಟಾ ವರ್ಕ್‌ಶಾಪ್ ಅವರಿಗೊಂದು ಬಾಲ ಮಾಡಿಕೊಟ್ಟಿತು. ಅವರ ಪಾಲಿಗೆ ಅದು ವೇಷ ಅನ್ನೋದಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಚಲಿಸಲು ಸಿಕ್ಕ ಒಂದು ಅಂಗ.

ಅಳತೆ, ಅಚ್ಚು ಮತ್ತು ಗಂಧಕದ ಕಾಟ

ಮೊದಲ ಕೆಲಸ, ನಿಮ್ಮ ಕೆಳಮೈಯದೇ ಒಂದು ಬೊಂಬೆ ಮಾಡಿಕೊಳ್ಳೋದು. ಹಳೇ ಲೆಗ್ಗಿಂಗ್ಸ್ ಹಾಕಿ, ಎರಡೂ ಕಾಲು ಜೋಡಿಸಿ ನಿಂತು, ಸೊಂಟದಿಂದ ಹಿಮ್ಮಡಿವರೆಗೆ ಡಕ್ಟ್ ಟೇಪ್ ಸುತ್ತಿಸಿಕೊಳ್ಳುತ್ತಾರೆ. ಆಮೇಲೆ ಹಿಂದಿನಿಂದ ಕತ್ತರಿಸಿ ಬಿಚ್ಚಿ, ಒಳಗೆ ಬಟ್ಟೆ ಚೂರೋ ಫೋಮೋ ತುಂಬಿದರೆ ಬೊಂಬೆ ಸಿದ್ಧ. ಅಂಗಡಿಯ 'ಸ್ಮಾಲ್', 'ಮೀಡಿಯಂ' ಅಳತೆಗಳ ಹಂಗು ಇಲ್ಲಿಗೆ ಮುಗಿಯುತ್ತೆ.

ಪಾದದ ಕಡೆ ಕೂರುವುದು ಮೊನೊಫಿನ್. ಎರಡೂ ಪಾದಕ್ಕೆ ಸೇರಿ ಒಂದೇ ಅಗಲ ರೆಕ್ಕೆ. ನೀರನ್ನು ತಳ್ಳಿ ನಿಮ್ಮನ್ನು ಮುಂದೆ ನೂಕುವ ಕೆಲಸ ಇದರದ್ದೇ, ಸುತ್ತಲಿನ ಸಿಲಿಕೋನ್ ಬರೀ ಮೈ. ರೆಕ್ಕೆ ತೀರಾ ಮೆತ್ತಗಿದ್ದರೆ ಮುಂದೆ ಹೋಗಲ್ಲ, ತೀರಾ ಗಡುಸಾದರೆ ಗಿಣ್ಣು ನೋಯುತ್ತೆ.

ಆಮೇಲೆ ಹುರುಪೆ, ಅಂದ್ರೆ ಮೀನಿನ ಮೈಮೇಲೆ ಹೆಂಚು ಹೊದಿಸಿದ ಹಾಗೆ ಕಾಣುವ ಸಾಲು. ಇದನ್ನು ಮೊದಲು ಜೇಡಿಮಣ್ಣಿನಂಥ ಮೆತ್ತನೆ ಕ್ಲೇನಲ್ಲಿ ಕೊರೆದು, ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಹುರುಪೆಯ ತೆರೆದ ಅಂಚು ಬಾಲದ ತುದಿಯ ಕಡೆಗೇ ಇರಬೇಕು. ತಿರುಗಾಮುರುಗಾ ಆದರೆ ನೋಟವೂ ಕೆಡುತ್ತೆ, ನೀರೂ ತಡೆಯುತ್ತೆ.

ಅಚ್ಚಿಗೆ ಹೋಗುವ ಸಿಲಿಕೋನ್ ಎರಡು ಡಬ್ಬಿಗಳಲ್ಲಿ ಬರುತ್ತೆ, ಎ ಮತ್ತು ಬಿ. ಸಮ ಪ್ರಮಾಣದಲ್ಲಿ ಬೆರೆಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತೆ. ಈ ಕೆಲಸಕ್ಕೆ ಹೆಸರಾದ 'ಡ್ರ್ಯಾಗನ್ ಸ್ಕಿನ್ 20' ಬಗೆಯದ್ದಾದರೆ ಕೈಯಲ್ಲಿ ಸುಮಾರು 25 ನಿಮಿಷ ಇರುತ್ತೆ, ಪೂರ್ತಿ ಗಟ್ಟಿಯಾಗಲು ಸುಮಾರು 4 ಗಂಟೆ. ಸೆಖೆ ಹೆಚ್ಚಿದ್ದರೆ ಇನ್ನೂ ಬೇಗ. ಮೊದಲ ಪದರವನ್ನು ಬ್ರಷ್‌ನಿಂದ ತೆಳುವಾಗಿ ಒತ್ತಿ ಹಚ್ಚಿದರೆ ಗುಳ್ಳೆ ಏಳಲ್ಲ. ನಡುವೆ ಹಿಗ್ಗುವ ಬಲೆಬಟ್ಟೆ ಕೂರಿಸಿದರೆ ಹರಿಯುವ ಭಯ ಕಡಿಮೆ.

ಇಲ್ಲಿ ಬಹಳ ಜನರ ದುಡ್ಡು ಮುಳುಗಿಸೋದು ಗಂಧಕ. ಚರ್ಮಕ್ಕೆ ತಾಗುವ ಬಾಲಕ್ಕೆ ಬಳಸುವ ಸಿಲಿಕೋನ್ ಗಟ್ಟಿಯಾಗುವುದು ಅದರಲ್ಲಿರುವ ಅತ್ಯಲ್ಪ ಪ್ಲಾಟಿನಂನ ನೆರವಿನಿಂದ. ಗಂಧಕ ಸೋಕಿದರೆ ಆ ಪ್ಲಾಟಿನಂ ಕೆಲಸ ನಿಲ್ಲಿಸಿಬಿಡುತ್ತೆ. ಹಲವು ಬಗೆಯ ಕ್ಲೇನಲ್ಲಿ ಗಂಧಕ ಇರುತ್ತೆ. ರಬ್ಬರ್ ಹಾಲಿನಿಂದ ಮಾಡಿದ ಲೇಟೆಕ್ಸ್ ಗ್ಲೌಸ್ ಕೂಡ ಇದೇ ಕಾಟ ಕೊಡುತ್ತೆ. ಗಂಧಕ ತಗುಲಿದ ಜಾಗ ಎಷ್ಟು ದಿನ ಕಾದರೂ ಬೆಲ್ಲದ ಪಾಕದ ಹಾಗೆ ಅಂಟಂಟಾಗಿಯೇ ಇರುತ್ತೆ. ಗಂಧಕವಿಲ್ಲದ ಕ್ಲೇ, ವಿನೈಲ್ ಗ್ಲೌಸ್, ಮೊದಲೊಂದು ಚಿಕ್ಕ ತುಂಡಿನಲ್ಲಿ ಪರೀಕ್ಷೆ, ಈ ಮೂರನ್ನು ಬಿಡಬಾರದು. ಯಾಕಂದ್ರೆ ಒಮ್ಮೆ ಗಟ್ಟಿಯಾದ ಸಿಲಿಕೋನನ್ನು ಕರಗಿಸಿ ಮತ್ತೆ ಎರಕ ಹೊಯ್ಯೋಕೆ ಆಗಲ್ಲ. ಕೆಟ್ಟರೆ ಅದು ಮಣ್ಣಲ್ಲೂ ಕೊಳೆಯದ ಕಸ.

ಬಣ್ಣ ಯಾಕೆ ನಿಲ್ಲಲ್ಲ?

ಸಿಲಿಕೋನಿಗೆ ಸಿಲಿಕೋನ್ ಬಿಟ್ಟರೆ ಬೇರೆ ಏನೂ ನೆಟ್ಟಗೆ ಅಂಟಲ್ಲ. ಕೇಕಿನ ಅಚ್ಚಿಗೆ ಅದನ್ನು ಬಳಸೋದು ಇದೇ ಗುಣಕ್ಕೆ. ಅಕ್ರಿಲಿಕ್ ಬಣ್ಣ ಹಚ್ಚಿದರೆ ಬಾಲ ಎರಡು ಸಲ ಬಳುಕುವುದರೊಳಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಹಾಗಾಗಿ ಬಣ್ಣವನ್ನೂ ಸಿಲಿಕೋನ್‌ನಲ್ಲೇ ಮಾಡಿಕೊಳ್ಳಬೇಕು. ದ್ರವ ಸಿಲಿಕೋನಿಗೆ ಬಣ್ಣದ ಪುಡಿಯನ್ನೋ ಪೇಸ್ಟನ್ನೋ ಬೆರೆಸಿ, ಸಾಲ್ವೆಂಟ್ ಹಾಕಿ ತೆಳುವಾಗಿಸಿ, ಏರ್‌ಬ್ರಷ್ ಇಲ್ಲವೇ ಸ್ಪಂಜಿನಿಂದ ಹಚ್ಚುವುದು. ಅದಕ್ಕೂ ಮುಂಚೆ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಕೈಯ ಜಿಡ್ಡು ತೆಗೆಯಬೇಕು.

ಪಳಗಿದವರು ಎರಕ ಹೊಯ್ಯುವಾಗಲೇ ಸಿಲಿಕೋನಿಗೆ ತಳದ ಬಣ್ಣ ಕಲಸಿಬಿಡುತ್ತಾರೆ. ಮುಂದೆ ಎಲ್ಲಾದರೂ ಗೀರಿದರೂ ಒಳಗಿನ ಬಿಳುಪು ಹಲ್ಲು ಕಿರಿಯಲ್ಲ. ಅದರ ಮೇಲೆ ಮೀನಿನಿಂದಲೇ ಕಲಿತ ಲೆಕ್ಕ: ಬೆನ್ನು ಕಡು, ಹೊಟ್ಟೆ ತಿಳಿ. ಮೇಲಿನಿಂದ ನೋಡಿದರೆ ಕತ್ತಲ ಆಳದಲ್ಲಿ, ಕೆಳಗಿನಿಂದ ನೋಡಿದರೆ ಬೆಳಕಿನ ಆಕಾಶದಲ್ಲಿ ಮೀನು ಕರಗಿಹೋಗೋದು ಹೀಗೆ. ಹುರುಪೆಗಳ ಸಂದಿಗೆ ಕಡುಬಣ್ಣ ಇಳಿಸಿ, ಅಂಚಿಗೆ ಮಾತ್ರ ಒಣ ಬ್ರಷ್‌ನಲ್ಲಿ ತಿಳಿಬಣ್ಣ ಸವರಿದರೆ ಒಂದೊಂದು ಹುರುಪೆಯೂ ಎದ್ದು ಕಾಣುತ್ತೆ. ಎಲ್ಲಕ್ಕಿಂತ ಮೇಲೆ ತೆಳುವಾದ ಪಾರದರ್ಶಕ ಸಿಲಿಕೋನ್ ಪದರ.

ಇಲ್ಲಿ ಒಂದು ಎಚ್ಚರ. ಪೂರ್ತಿ ಗಟ್ಟಿಯಾದ ಸಿಲಿಕೋನ್ ಚರ್ಮಕ್ಕೆ ಸಾಧು. ಆದರೆ ಏರ್‌ಬ್ರಷ್‌ನಿಂದ ಮಂಜಿನ ಹಾಗೆ ಹಾರುವ ಹಸಿ ಸಿಲಿಕೋನ್, ಸಾಲ್ವೆಂಟ್ ಶ್ವಾಸಕೋಶಕ್ಕೆ ಸಾಧು ಅಲ್ಲ. ಬಟ್ಟೆ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ನ್ಯಾಫ್ತಾದಂಥ ಸಾಲ್ವೆಂಟ್ ಥಟ್ಟನೆ ಹೊತ್ತಿಕೊಳ್ಳುತ್ತೆ. ಹತ್ತಿರದಲ್ಲಿ ಸ್ಟವ್ ಉರಿಯುತ್ತಿರಬಾರದು, ಕಿಟಕಿ ಬಾಗಿಲು ತೆರೆದಿರಬೇಕು.

ಹೊಳಪು ಎಲ್ಲಿಂದ ಬಂತು?

ಬರೀ ಬಣ್ಣ ಹಚ್ಚಿದರೆ ಮೀನು ಮೀನಾಗಲ್ಲ, ಮಿನುಗಬೇಕು. ನಿಜವಾದ ಮೀನಿನ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಪದರ ಪದರವಾಗಿ ಕೂತಿರುತ್ತವೆ. ಬೆಳಕು ಅವುಗಳ ನಡುವೆ ಪುಟಿದು ಬೆಳ್ಳಿ ಹೊಳಪು ಕೊಡುತ್ತೆ. ಇದನ್ನೇ ಅನುಕರಿಸುವ ಮುತ್ತಿನ ಹೊಳಪಿನ ಪುಡಿಗಳು ಮಾರುಕಟ್ಟೆಯಲ್ಲಿವೆ: ಅಭ್ರಕದ ಸಣ್ಣ ಹಾಳೆಗಳಿಗೆ ಟೈಟಾನಿಯಂ ಡೈಆಕ್ಸೈಡ್‌ನ ಅತಿ ತೆಳು ಲೇಪ. ಲೇಪದ ದಪ್ಪ ಬದಲಾದರೆ ಹೊಳಪಿನ ಬಣ್ಣವೂ ಬದಲಾಗುತ್ತೆ. ಲಿಪ್‌ಸ್ಟಿಕ್, ಐಶ್ಯಾಡೊ, ಕಾರಿನ ಪೇಂಟ್, ಎಲ್ಲದರಲ್ಲೂ ಇರೋದು ಇದೇ ಪುಡಿ.

ಅಭ್ರಕ ಅಂದ್ರೆ ನಮ್ಮ ಹಿರಿಯರ ಬಾಯಲ್ಲಿ ಕಾಗೆಬಂಗಾರ. ಜಗತ್ತಿಗೆ ಅದನ್ನು ಕೊಡುವ ಮುಖ್ಯ ಜಾಗಗಳಲ್ಲಿ ಒಂದು ಜಾರ್ಖಂಡ್‌ನ ಕೊಡರ್ಮಾ, ಗಿರಿಡೀಹ್ ಮತ್ತು ಪಕ್ಕದ ಬಿಹಾರದ ನವಾದಾ ಸೀಮೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿನ ಬಹಳಷ್ಟು ಗಣಿಗಳು ಮುಚ್ಚಿದವು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಪಾಳುಬಿದ್ದ ಗಣಿಗಳ ಇಲಿಬಿಲದಂಥ ಸುರಂಗಗಳಿಗೆ ಬಡ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಇಳಿದು, 'ಢಿಬ್ರಾ' ಅಂತ ಕರೆಯುವ ಅಭ್ರಕದ ಚೂರುಗಳನ್ನು ಹೆಕ್ಕಿ ದಲ್ಲಾಳಿಗಳಿಗೆ ಮಾರುತ್ತವೆ. ಇಂಥ ಅಕ್ರಮ ಗಣಿಗಳಲ್ಲಿ ಮಕ್ಕಳು ಸಾಯುತ್ತಿರುವುದನ್ನೂ, ಆ ಸಾವುಗಳನ್ನು ಮುಚ್ಚಿಹಾಕುತ್ತಿರುವುದನ್ನೂ 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್‌ನ ತನಿಖಾ ವರದಿ ಬಯಲಿಗೆ ತಂದಿತು. ಮಾರನೇ ವರ್ಷ ಕಂಪನಿಗಳೇ ಸೇರಿ 'ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್' ಎಂಬ ಒಕ್ಕೂಟ ಕಟ್ಟಿಕೊಂಡವು.

ಹಾಗಾದರೆ ಅಭ್ರಕದ ಬದಲು ಗ್ಲಿಟರ್ ಹಾಕಿದರಾಯ್ತಲ್ಲ? ಸಾಮಾನ್ಯ ಗ್ಲಿಟರ್ ಅಂದ್ರೆ ಪ್ಲಾಸ್ಟಿಕ್ ಚೂರು. ಸಿಲಿಕೋನ್‌ನಿಂದ ಉದುರಿದ್ದು ನೇರ ನೀರಿಗೇ, ಅಲ್ಲಿಂದ ನಿಜವಾದ ಮೀನಿನ ಹೊಟ್ಟೆಗೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ತಡೆ ಹಾಕಿದ್ದು ಇದೇ ಕಾರಣಕ್ಕೆ.

ಮೂರನೇ ದಾರಿ, ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಅಭ್ರಕ. ಹೊಳಪಿನಲ್ಲಿ ಅದು ಏನೂ ಕಮ್ಮಿಯಿಲ್ಲ. ಹಾಗಂತ ಎಲ್ಲರೂ ಅದಕ್ಕೇ ಹೋದರೆ ಕೊಡರ್ಮಾದ ಮನೆಗಳಲ್ಲಿ ಒಲೆ ಹೊತ್ತುತ್ತಾ? ಆ ಕುಟುಂಬಗಳಿಗೆ ಬೇರೆ ದುಡಿಮೆ, ಮಕ್ಕಳಿಗೆ ಶಾಲೆ, ಗಣಿಗೆ ಕಾನೂನಿನ ಚೌಕಟ್ಟು, ಹೆಕ್ಕಿದ ಚೂರಿಗೆ ನ್ಯಾಯದ ಬೆಲೆ ಕೊಡಬೇಕಾದ್ದು ಸರ್ಕಾರ ಮತ್ತು ಲಾಭ ಉಣ್ಣುವ ಕಂಪನಿಗಳು. ಒಬ್ಬರ ಶಾಪಿಂಗ್‌ನಿಂದ ಅದು ಬಗೆಹರಿಯಲ್ಲ. ಆದರೂ ಡಬ್ಬಿ ಕೊಳ್ಳುವವರು 'ಇದರ ಅಭ್ರಕ ಎಲ್ಲಿಯದು?' ಅಂತ ಮಾರುವವರನ್ನು ಕೇಳಬಹುದು. ಉತ್ತರ ಇಲ್ಲದ ಡಬ್ಬಿಯನ್ನು ಬಿಟ್ಟು ಬರಬಹುದು.

ನೀರಿಗಿಳಿಯುವ ಮುನ್ನ

ಪೂರ್ತಿ ಸಿಲಿಕೋನ್ ಬಾಲವೊಂದು 15ರಿಂದ 25 ಕಿಲೋ ತೂಗಬಹುದು. ಸಿಲಿಕೋನ್‌ನ ಸಾಂದ್ರತೆ ನೀರಿಗಿಂತ ಚೂರೇ ಹೆಚ್ಚು, ಸುಮಾರು 1.08. ಲೆಕ್ಕ ಹಾಕಿದರೆ ದಡದಲ್ಲಿ 20 ಕಿಲೋ ಇರುವ ಸಿಲಿಕೋನ್ ನೀರೊಳಗೆ ಒಂದೂವರೆ ಕಿಲೋದಷ್ಟೇ ಭಾರ ಅನಿಸುತ್ತೆ. ನೀರಲ್ಲಿ ಹಗುರ ಅನ್ನೋ ಧೈರ್ಯವೇ ಅಪಾಯ. ದಡ ಹತ್ತುವಾಗ ಅಷ್ಟೂ ತೂಕ ಮರಳಿ ಬರುತ್ತೆ, ಕಾಲುಗಳು ಮಾತ್ರ ಇನ್ನೂ ಕಟ್ಟಿಹಾಕಿದಂತೆಯೇ ಇರುತ್ತವೆ. ಬಾಲದೊಳಗೆ ಗಾಳಿ ಸಿಕ್ಕಿಕೊಂಡರೆ ಕಾಲು ಮೇಲೆ, ತಲೆ ಕೆಳಗೆ. ಕೆನಡಾದ ಎಡ್ಮಂಟನ್ ನಗರ 2015ರಲ್ಲಿ ತನ್ನ ಈಜುಕೊಳಗಳಲ್ಲಿ ಬಾಲಗಳನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಹಾಗಾಗಿ ಬಾಲವಿಲ್ಲದೆ ಚೆನ್ನಾಗಿ ಈಜು ಬರಬೇಕು. ಮೊದಲ ಸಲ ಎದೆಮಟ್ಟದ ನೀರಲ್ಲೇ ತೊಟ್ಟು ನೋಡಬೇಕು. ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ಒತ್ತಬೇಕು. ಯಾರ ಸಹಾಯವೂ ಇಲ್ಲದೆ ಕಳಚಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಜೊತೆಗೆ ಈಜು ಬಲ್ಲ ಇನ್ನೊಬ್ಬರು ಇರಲೇಬೇಕು. ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು, ಒಳಗೂ ಹೊರಗೂ ಒಣಗಿಸಿಟ್ಟರೆ ಬಣ್ಣ ಬಹಳ ದಿನ ಬಾಳುತ್ತೆ.

1837ರಲ್ಲಿ ಆಂಡರ್ಸನ್ ಬರೆದ ಕಥೆಯ ಮತ್ಸ್ಯಕನ್ಯೆ ಕಾಲು ಪಡೆಯಲು ತನ್ನ ದನಿಯನ್ನೇ ಕೊಟ್ಟುಬಿಡುತ್ತಾಳೆ. ಇಂದು ತನ್ನ ಬಾಲ ತಾನೇ ಮಾಡಿಕೊಳ್ಳುವವಳು ಮೌನವಾಗಬೇಕಿಲ್ಲ. ಗಂಧಕ ಎಲ್ಲಿದೆ, ಸಾಲ್ವೆಂಟ್ ಏನು ಮಾಡುತ್ತೆ, ಅಭ್ರಕ ಯಾರ ಕೈಯಿಂದ ಬಂತು ಅಂತ ಒಂದೊಂದಾಗಿ ತಿಳಿದುಕೊಂಡೇ ಆಕೆ ಅದನ್ನು ಕಟ್ಟುತ್ತಾಳೆ. ಅಂಗಡಿಯಲ್ಲಿ ಕೊಂಡವರಿಗೆ ಈ ಪ್ರಶ್ನೆಗಳು ಎದುರಾಗೋದೇ ಇಲ್ಲ. ಕೈಯಾರೆ ಮಾಡುವವರು ಕೇಳಲೇಬೇಕಾಗುತ್ತೆ, ಕೇಳಿದ ಮೇಲೆ ಗೊತ್ತಿಲ್ಲ ಅಂತ ಜಾರಿಕೊಳ್ಳೋಕೆ ಬರಲ್ಲ.