ಜೂಜಿನ ಊರಿನಲ್ಲಿ ಮಕ್ಕಳ ಕೈ ಹಿಡಿದು



ಜಾತ್ರೆಗೆ ಹೋದಾಗ ಹಿರಿಯರು ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಗದ್ದಲದಲ್ಲಿ ಮಗು ಎಲ್ಲಿ ತಪ್ಪಿಸಿಕೊಂಡೀತೋ ಎಂಬ ಅಂಜಿಕೆ ಅದು. ಆದರೆ ಕೈ ಹಿಡಿದ ಹಿರಿಯನೇ ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಯಾರು ಯಾರನ್ನು ಹುಡುಕಬೇಕು? ಈ ಪ್ರಶ್ನೆ ನಮಗೆ ಹೊಳೆದದ್ದು ನಮ್ಮ ನಾಡಿನ ಜಾತ್ರೆಯಲ್ಲಲ್ಲ, ಸಾವಿರಾರು ಮೈಲಿ ದೂರದ ಅಮೆರಿಕೆಯ ಲಾಸ್ ವೇಗಾಸ್ ಎಂಬ ಊರಿನಲ್ಲಿ.

ಜೂಜಿನ ಊರಿನಲ್ಲಿ ಸ್ವಾಮಿಗಳಿಗೇನು ಕೆಲಸ ಎಂದು ನೀವು ಕೇಳಬಹುದು. ಕೇಳುವುದು ಸರಿಯೇ. ಕೆಲವು ವರ್ಷಗಳ ಹಿಂದೆ ಭಕ್ತರ ಕರೆಯ ಮೇರೆಗೆ ನಾವು ಆ ದೇಶಕ್ಕೆ ಹೋಗಿದ್ದೆವು. ಲಾಸ್ ಏಂಜಲೀಸಿನಲ್ಲಿ ನೆಲೆಸಿದ ನಮ್ಮ ಕಡೆಯ ಇಂಜಿನಿಯರರೊಬ್ಬರು ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾ ಕಣಿವೆಯನ್ನು ತೋರಿಸುವುದಾಗಿ ಹೊರಡಿಸಿದರು. ದಾರಿ ದೊಡ್ಡದು. ನಡುವೆ ಒಂದೆರಡು ರಾತ್ರಿ ತಂಗಲು ಅನುಕೂಲವಾದ ಊರೆಂದರೆ ಲಾಸ್ ವೇಗಾಸ್. ಕಾರಿನಲ್ಲಿ ಅವರ ಪತ್ನಿ, ಹತ್ತೊಂಬತ್ತರ ಮಗ, ಹದಿನಾಲ್ಕರ ಮಗಳು, ಧಾರವಾಡದ ಕಡೆಯ ಹಳ್ಳಿಯಿಂದ ಮಗನನ್ನು ನೋಡಲು ಬಂದಿದ್ದ ವೃದ್ಧ ತಂದೆ ತಾಯಿ ಇದ್ದರು. ಅವರ ಹೆಸರು ಇಲ್ಲಿ ಬೇಡ. ನಡೆದದ್ದನ್ನು ಹೇಳಲು ಆ ಹಿರಿಯರೇ ನಮಗೆ ಅಪ್ಪಣೆ ಕೊಟ್ಟಿದ್ದಾರೆ. ‘ನಾಲ್ಕು ಮಂದಿಗೆ ಬುದ್ಧಿ ಬಂದ್ರ ಬರಲಿ, ಹೇಳ್ರಿ ಅಜ್ಜಾರ’ ಎಂದದ್ದು ಅವರೇ.

ಮೊದಲು ಆ ಊರಿನ ವಿಷಯ ತಿಳಿಯೋಣ. ನೆವಾಡಾ ರಾಜ್ಯದ ಮರುಭೂಮಿಯಲ್ಲಿರುವ ಲಾಸ್ ವೇಗಾಸ್ 1905ರಲ್ಲಿ ರೈಲು ಕಂಪನಿಯವರು ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿದ ಊರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಹುಲ್ಲುಗಾವಲು ಎಂದರ್ಥ. 1931ರಲ್ಲಿ ನೆವಾಡಾ ಸರ್ಕಾರ ಜೂಜನ್ನು ಕಾಯಿದೆಬದ್ಧಗೊಳಿಸಿತು. ಅಂದಿನಿಂದ ಊರು ಬೆಳೆಯುತ್ತಲೇ ಹೋಯಿತು. ಸ್ಟ್ರಿಪ್ ಎಂದು ಕರೆಯುವ ಅದರ ಮುಖ್ಯ ರಸ್ತೆಯ ಇಕ್ಕೆಲಗಳಲ್ಲಿ ಸಾವಿರಾರು ಕೋಣೆಗಳ ಹೋಟೆಲುಗಳಿವೆ. ಪ್ರತಿಯೊಂದು ದೊಡ್ಡ ಹೋಟೆಲಿನ ಕೆಳ ಅಂತಸ್ತೂ ಬಹುಮಟ್ಟಿಗೆ ಜೂಜುಕಟ್ಟೆಯೇ. ಅದಕ್ಕೆ ಕ್ಯಾಸಿನೋ ಎಂದು ಹೆಸರು. ನಾವು ತಂಗಿದ ಹೋಟೆಲಿನಲ್ಲಿ ಕೋಣೆಗೆ ಹೋಗಬೇಕಾದರೂ, ಊಟಕ್ಕೆ ಹೋಗಬೇಕಾದರೂ ಆ ಕಟ್ಟೆಯ ನಡುವೆಯೇ ಹಾಯ್ದು ಹೋಗಬೇಕಾಗಿತ್ತು. ಎಲ್ಲಿ ನೋಡಿದರೂ ಬಣ್ಣದ ದೀಪ, ಗಂಟೆಯ ಸದ್ದು. ಗೋಡೆಯ ಮೇಲೆ ಒಂದು ಗಡಿಯಾರ ನಮ್ಮ ಕಣ್ಣಿಗೆ ಬೀಳಲಿಲ್ಲ. ಹೊರಗೆ ಹಗಲೋ ಇರುಳೋ ತಿಳಿಯಲು ಕಿಟಕಿಯೂ ಇಲ್ಲ.

ಅಂಥ ಊರಿಗೂ ಒಂದು ಕಟ್ಟುಪಾಡಿದೆ. 21 ವರ್ಷ ತುಂಬದವರು ಅಲ್ಲಿ ಜೂಜಾಡುವಂತಿಲ್ಲ. ಆಡುವುದಿರಲಿ, ಆಟದ ಮೇಜಿನ ಬಳಿ, ಯಂತ್ರದ ಬಳಿ ನಿಂತುಕೊಂಡು ಕಾಲ ಕಳೆಯುವಂತೆಯೂ ಇಲ್ಲ. ಊಟದ ಮನೆಗೋ ಕೋಣೆಗೋ ಹೋಗುವಾಗ ಹಿರಿಯರೊಡನೆ ನಿಲ್ಲದೆ ದಾಟಿಹೋಗಬಹುದು, ಅಷ್ಟೇ. ಚಿಕ್ಕವರು ಕದ್ದು ಆಡಿ ಗೆದ್ದರೆ ಆ ಹಣ ಅವರಿಗೆ ಸಲ್ಲುವುದಿಲ್ಲ. ಆಡಿದವರಿಗೂ, ಆಡಗೊಟ್ಟವರಿಗೂ ದಂಡ ಉಂಟು, ಸೆರೆವಾಸವನ್ನೂ ವಿಧಿಸಬಹುದು. ಮದ್ಯಕ್ಕೂ 21ರ ನಿಯಮವೇ. ಅನೇಕ ಹೋಟೆಲುಗಳಲ್ಲಿ 21 ಆಗದವರ ಹೆಸರಿನಲ್ಲಿ ಕೋಣೆಯನ್ನೇ ಕೊಡುವುದಿಲ್ಲ. 18 ತುಂಬದ ಮಕ್ಕಳು ವಾರಾಂತ್ಯದ ರಾತ್ರಿ 9 ಗಂಟೆಯ ಮೇಲೆ ತಂದೆತಾಯಿಗಳಿಲ್ಲದೆ ಆ ದೊಡ್ಡ ರಸ್ತೆಯಲ್ಲಿ ತಿರುಗಾಡುವಂತಿಲ್ಲ.

ಇದನ್ನೆಲ್ಲ ಕೇಳಿ ನಮಗೆ ಆಶ್ಚರ್ಯವಾಯಿತು. ಆ ದೇಶದಲ್ಲಿ 18 ತುಂಬಿದವನು ಮತ ಹಾಕಬಹುದು, ಸೈನ್ಯಕ್ಕೆ ಸೇರಬಹುದು. ಆದರೆ ನೆವಾಡಾದಲ್ಲಿ ದಾಳ ಹಿಡಿಯಲು ಇನ್ನೂ ಮೂರು ವರ್ಷ ಕಾಯಬೇಕು. ಜೂಜಿನಿಂದಲೇ ಬದುಕುವ ಊರು ಕೂಡ ತನ್ನ ಮಕ್ಕಳನ್ನು ಜೂಜಿನಿಂದ ದೂರವಿಡುತ್ತದೆ. ಮಾರುವವನಿಗೇ ತನ್ನ ಸರಕಿನ ಗುಣ ಚೆನ್ನಾಗಿ ಗೊತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಂದು ಸಂಜೆ ನಾವು ಕೋಣೆಯಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತಿದ್ದೆವು. ಹೆಣ್ಣುಮಕ್ಕಳು ಕಾರಂಜಿಯ ನೃತ್ಯ ನೋಡಲು ಹೋಗಿದ್ದರು. ಹಿರಿಯರು ಮೊಮ್ಮಗನೊಡನೆ ಕೆಳಗಿಳಿದು ಒಂದು ಯಂತ್ರದ ಮುಂದೆ ನಿಂತರಂತೆ. ಜೇಬಿನಲ್ಲಿ ಮಗ ಕೊಟ್ಟ 20 ಡಾಲರಿನ ನೋಟಿತ್ತು. ಅದನ್ನು ಯಂತ್ರಕ್ಕೆ ಉಣಿಸಿದರು. ಇಂಗ್ಲಿಷ್ ಓದಲು ಬಾರದು, ಕಣ್ಣೂ ಮಂಜು. ‘ತಮ್ಮಾ, ಯಾವ ಗುಂಡಿ ಒತ್ತಬೇಕೋ ನೀನ ಒತ್ತು’ ಎಂದರು. ಹುಡುಗ ಒತ್ತಿದ. ನಾಲ್ಕೈದು ಬಾರಿ ಒತ್ತುವಷ್ಟರಲ್ಲಿ ದೀಪಗಳು ಮಿನುಗಿದವು, ಹಣ ಬಂತು. ಅದರ ಬೆನ್ನಿಗೇ ಕಾವಲುಗಾರನೂ ಬಂದ. ಹುಡುಗನ ಗುರುತಿನ ಚೀಟಿ ಕೇಳಿದ. ವಯಸ್ಸು ಹತ್ತೊಂಬತ್ತು. ಬಂದ ಹಣ ಕೈಗೆ ಸಿಗಲಿಲ್ಲ. ಪುಣ್ಯಕ್ಕೆ ಎಚ್ಚರಿಕೆ ಕೊಟ್ಟು ಹೊರಗೆ ಕಳಿಸಿದರು. ಎಪ್ಪತ್ತು ದಾಟಿದ ಜೀವ, ಊರಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳುವ ಹಿರಿಯರು, ಮೊಮ್ಮಗನ ಮುಂದೆ ಮಾತು ಬಾರದೆ ನಿಂತರು.

ರಾತ್ರಿ ಎಲ್ಲರೂ ನಮ್ಮ ಕೋಣೆಗೆ ಬಂದರು. ಇಂಜಿನಿಯರರಿಗೆ ಮಗನ ಮೇಲೆ ಸಿಟ್ಟು. ಹುಡುಗನನ್ನು ಬೈಯತೊಡಗಿದಾಗ ಹಿರಿಯರು ಕೈಯೆತ್ತಿ ತಡೆದರು.

‘ಅವಗ ಬೈಬ್ಯಾಡ. ತಪ್ಪು ನಂದು. ಅಜ್ಜಾರ, ಮೂವತ್ತ ವರ್ಷ ಒಂದ ಮಾತು ಹೊಟ್ಯಾಗ ಇಟ್ಕೊಂಡೇನ್ರಿ. ಹಳ್ಳದ ದಂಡಿ ಎರಡ ಎಕರೆ ಎರಿಹೊಲ ಮಾರಿದ್ನಲ್ಲ, ಅದು ಇವನ ಕಾಲೇಜ ಫೀಜಿಗೆ ಅಂತ ಎಲ್ಲಾರ್ಗೂ ಹೇಳೇನಿ. ಖರೇ ಅಂದ್ರ ಅದು ಓಸಿಗೆ ಹೋತ್ರಿ, ಲಾಟರಿಗೆ ಹೋತ್ರಿ. ಫೀಜ ತುಂಬಿದಾಕಿ ಇಕಿ, ತನ್ನ ಕೊಳ್ಳಾನ ಬಂಗಾರ ಒತ್ತಿ ಇಟ್ಟು.’

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ತನ್ನ ಓದಿಗಾಗಿ ಅಪ್ಪ ಹೊಲ ಕಳೆದುಕೊಂಡನೆಂಬ ಋಣಭಾರವನ್ನು ಆ ಮಗ ಅಷ್ಟು ವರ್ಷ ಹೊತ್ತಿದ್ದರು. ಅವರು ತಾಯಿಯ ಕಡೆ ತಿರುಗಿದರು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹೋದದ್ದು ಹೋತು. ಆಮ್ಯಾಲೆ ಬಿಟ್ಟಾರಲ್ಲ’ ಎಂದಷ್ಟೇ ನುಡಿದರು. ಬಹಳ ಹೊತ್ತಿನ ಮೇಲೆ ಮಗ ಎದ್ದು ಹೋಗಿ ತಂದೆಯ ಪಕ್ಕದಲ್ಲಿ ಕುಳಿತರು.

ಆಗ ಆ ಹುಡುಗ ತಲೆ ತಗ್ಗಿಸಿಕೊಂಡು, ‘ಅಜ್ಜಾ, ನಾನೂ ಒಂದು ಹೇಳಬೇಕು’ ಎಂದ. ಅವನು ಬೇರೆ ರಾಜ್ಯದ ಕಾಲೇಜಿನಲ್ಲಿ ಓದುತ್ತಿದ್ದ. ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಕೊಟ್ಟ ತೀರ್ಪಿನ ನಂತರ ಅನೇಕ ರಾಜ್ಯಗಳು ಆಟೋಟಗಳ ಮೇಲೆ ಬಾಜಿ ಕಟ್ಟುವುದಕ್ಕೆ ಅನುಮತಿ ಕೊಟ್ಟಿವೆ. ವಸತಿಗೃಹದ ದೊಡ್ಡ ಹುಡುಗನ ಫೋನಿನಲ್ಲಿ ಇವನೂ ಬಾಜಿ ಕಟ್ಟುತ್ತಿದ್ದ, ಸಾಲವೂ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಅಜ್ಜ ಬಾಯಿ ಬಿಟ್ಟದ್ದರಿಂದ ಮೊಮ್ಮಗನಿಗೂ ಬಾಯಿ ಬಂತು. ನಾವು ಗಂಟೆಗಟ್ಟಲೆ ಉಪದೇಶ ಮಾಡಿದ್ದರೂ ಇದಾಗುತ್ತಿರಲಿಲ್ಲ.

ಹಿರಿಯರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ‘ಅಜ್ಜಾರ, ಅರವತ್ತಮೂರು ಪುರಾತನರೊಳಗ ಒಬ್ಬರು ಜೂಜು ಆಡಿದವ್ರು ಅದಾರಂತಲ್ರಿ? ಓಸಿ ಆಡೂ ಮುಂದ ನಾನು ಅದನ್ನ ನೆಪಾ ಮಾಡ್ಕೋತಿದ್ದೆ.’

ಹೌದು, ತಮಿಳುನಾಡಿನ ಮೂರ್ಖ ನಾಯನಾರರು. ಶಿವಭಕ್ತರಿಗೆ ಉಣಿಸಿ ತಾವು ಉಣ್ಣುವ ನೇಮದವರು. ದಾಸೋಹದಲ್ಲಿ ಇದ್ದುದೆಲ್ಲ ಕರಗಿದ ಮೇಲೆ ತಮಗೆ ಗೊತ್ತಿದ್ದ ದಾಳದ ವಿದ್ಯೆಯಿಂದ ಹಣ ತಂದು ದಾಸೋಹ ನಡೆಸಿದರೆಂದು ಪುರಾಣ ಹೇಳುತ್ತದೆ. ಆದರೆ ಗೆದ್ದ ಹಣವನ್ನು ಅವರು ತಮ್ಮದೆಂದು ಮುಟ್ಟಲಿಲ್ಲ. ಭಕ್ತರೆಲ್ಲ ಉಂಡ ಮೇಲೆ ಕಡೆಯ ಪಂಕ್ತಿಯಲ್ಲಿ ತಾವು ಉಂಡರು. ನಾವು ಆ ಹಿರಿಯರಿಗೆ ಹೇಳಿದೆವು: ‘ನಾಯನಾರರ ಮನೆಯಲ್ಲಿ ಜಂಗಮರು ಉಂಡರು. ನಿಮ್ಮ ಮನೆಯಲ್ಲಿ ಯಾರು ಉಂಡರು? ಆ ಪುರಾತನರ ದಾಳ ಹಿಡಿಯುವವರು ಮೊದಲು ಅವರ ವೈರಾಗ್ಯವನ್ನು ಹಿಡಿಯಬೇಕು. ವೈರಾಗ್ಯ ಬಂದವನಿಗೆ ದಾಳದ ನೆನಪೇ ಆಗುವುದಿಲ್ಲ.’

ಗೆಲ್ಲಬಹುದೆಂಬ ಆಸೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಹುಡುಗನೇ ಕಾಗದದ ಮೇಲೆ ಬರೆದು ತೋರಿಸಿದ. ಅಲ್ಲಿ ರೂಲೆಟ್ ಎಂಬ ತಿರುಗುವ ಚಕ್ರದ ಆಟವಿದೆ. 1ರಿಂದ 36ರವರೆಗೆ ಮನೆಗಳು, ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಒಟ್ಟು 38. ಎಲ್ಲ ಮನೆಗಳ ಮೇಲೂ ಒಂದೊಂದು ಡಾಲರ್ ಇಟ್ಟರೆ 38 ಡಾಲರ್ ಹೋಯಿತು. ಒಂದು ಮನೆ ಗೆದ್ದೇ ಗೆಲ್ಲುತ್ತದೆ. ಅದಕ್ಕೆ 35 ಡಾಲರ್ ಮತ್ತು ಇಟ್ಟ ಒಂದು ಡಾಲರ್ ಸೇರಿ 36 ಬರುತ್ತದೆ. ಎರಡು ಡಾಲರ್ ಕಟ್ಟೆಯವನ ಪಾಲು. ನೂರಕ್ಕೆ ಐದಕ್ಕಿಂತ ಹೆಚ್ಚು. ಯಾವ ಮನೆಗೆ ಇಟ್ಟರೂ, ಎಷ್ಟು ಹೊತ್ತು ಆಡಿದರೂ ಸರಾಸರಿ ಅಷ್ಟೇ. ಒಬ್ಬ ಆಟಗಾರ ಒಂದು ರಾತ್ರಿ ಗೆಲ್ಲಬಹುದು. ಆದರೆ ಕಟ್ಟೆಯವನು ವರ್ಷವಿಡೀ ಗೆಲ್ಲುತ್ತಾನೆ. ಇಲ್ಲದಿದ್ದರೆ ಆ ಮರುಭೂಮಿಯಲ್ಲಿ ಅಷ್ಟೊಂದು ದೀಪ ಉರಿಯುವುದು ಯಾರ ಎಣ್ಣೆಯಿಂದ?

ಮರುದಿನ ಬೆಳಿಗ್ಗೆ ಹೂವರ್ ಅಣೆಕಟ್ಟು ನೋಡಲು ಹೋದೆವು. ಲಾಸ್ ವೇಗಾಸಿನಿಂದ ಸುಮಾರು 50 ಕಿಲೋಮೀಟರ್. ಕೊಲೊರಾಡೊ ನದಿಗೆ ಅಡ್ಡಲಾಗಿ 726 ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ಕೆಲಸ ಮೊದಲಾದದ್ದು 1931ರಲ್ಲಿ, ಜೂಜಿನ ಕಾಯಿದೆ ಬಂದ ವರ್ಷವೇ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅದನ್ನು ಲೋಕಕ್ಕೆ ಸಮರ್ಪಿಸಿದರು. ಸರ್ಕಾರಿ ಲೆಕ್ಕದ ಪ್ರಕಾರ 96 ಕೂಲಿಕಾರರು ಆ ಕೆಲಸದಲ್ಲಿ ಜೀವ ತೆತ್ತರು. ಕೆಲಸಗಾರರಿಗಾಗಿ ಹತ್ತಿರದಲ್ಲೇ ಬೌಲ್ಡರ್ ಸಿಟಿ ಎಂಬ ಊರನ್ನು ಸರ್ಕಾರ ಕಟ್ಟಿತು. ಅಲ್ಲಿ ಜೂಜನ್ನು ನಿಷೇಧಿಸಿದರು. ಕೂಲಿಕಾರನ ಸಂಬಳ ಅವನ ಮನೆಗೇ ಸೇರಲೆಂದು. ಇಂದಿಗೂ, ಜೂಜಿನ ರಾಜ್ಯದ ನಡುವೆ ಇದ್ದರೂ, ಆ ಊರಲ್ಲಿ ಜೂಜಿಲ್ಲ.

ಒಂದೇ ಮರುಭೂಮಿ, ಒಂದೇ ವರ್ಷ, ಎರಡು ಬೀಜ. ಒಂದು ಬೆವರಿನದು, ಇನ್ನೊಂದು ಆಸೆಯದು. ಅಣೆಕಟ್ಟು ನೀರು ಕೊಡುತ್ತದೆ, ವಿದ್ಯುತ್ತು ಕೊಡುತ್ತದೆ, ಯಾರ ಮನೆಯನ್ನೂ ಬರಿದು ಮಾಡಿ ಕೊಡುವುದಿಲ್ಲ. ಜೂಜುಕಟ್ಟೆ ಒಬ್ಬನಿಗೆ ಕೊಡಬೇಕಾದರೆ ಹತ್ತು ಜನರ ಜೇಬಿನಿಂದಲೇ ಕೊಡಬೇಕು. ಬಸವಾದಿ ಶರಣರು ಕಾಯಕವನ್ನು ಅಷ್ಟು ಎತ್ತರಕ್ಕೆ ಏಕೆ ಏರಿಸಿದರೆಂಬುದು ಆ ಕಟ್ಟೆಯ ಮೇಲೆ ನಿಂತಾಗ ನಮಗೆ ಮತ್ತೊಮ್ಮೆ ಮನದಟ್ಟಾಯಿತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಹೆಚ್ಚಿನ ಒಂದು ಹಿಡಿ ಅಕ್ಕಿಯಲ್ಲಿಯೇ ಆಸೆಯ ಮೊಳಕೆಯನ್ನು ಕಂಡ ತಾಯಿ ಅವಳು. ಕೊರಳ ಬಂಗಾರ ಒತ್ತಿಯಿಟ್ಟು ಮಗನನ್ನು ಓದಿಸಿ, ಗಂಡನ ಮಾನ ಕಾದ ಆ ಮುದುಕಿಯೂ ಅದೇ ಬಳಗದವಳೆಂದು ನಾವು ಭಾವಿಸುತ್ತೇವೆ.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಅಂಥ ಊರಿಗೆ ಹೋಗಲೇಬಾರದೆ? ನಾವು ಹಾಗೆ ಹೇಳುವುದಿಲ್ಲ. ಮಕ್ಕಳು ಹೊರನಾಡಿನಲ್ಲಿರುವ ಭಕ್ತರು ಇಂದು ಬಹಳ ಜನ ಇದ್ದಾರೆ. ಹೋಗುವ ಸಂದರ್ಭ ಬರುತ್ತದೆ. ಹೋಗುವ ಮೊದಲೇ ಮಕ್ಕಳನ್ನು ಕೂರಿಸಿಕೊಂಡು ನಿಯಮಗಳನ್ನು ಹೇಳಿ. ಕೋಣೆ ಹಿರಿಯರ ಹೆಸರಿನಲ್ಲಿರಲಿ, ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ಜೂಜಿಲ್ಲದ ಹೋಟೆಲುಗಳೂ ಅಲ್ಲಿವೆ, ವಿಚಾರಿಸಿ. ಕಟ್ಟೆಯ ನಡುವೆ ಹಾಯುವಾಗ ನಿಲ್ಲಬೇಡಿ. ಬೆಲ್ಲಾಜಿಯೋ ಹೋಟೆಲಿನ ಮುಂದೆ ಸಂಗೀತಕ್ಕೆ ಕುಣಿಯುವ ಕಾರಂಜಿಗಳಿವೆ, ಹಣ ಕೊಡಬೇಕಿಲ್ಲ. ಊರ ಹೊರಗೆ ರೆಡ್ ರಾಕ್ ಎಂಬ ಕೆಂಪು ಬಂಡೆಗಳ ಕಣಿವೆ ಇದೆ. ಅಣೆಕಟ್ಟಂತೂ ಇದ್ದೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನೀನು ಇಲ್ಲೇ ನಿಂತಿರು, ನಾನು ಒಂದು ಕೈ ನೋಡಿ ಬರುತ್ತೇನೆ’ ಎಂದು ಮಗುವನ್ನು ಬಿಟ್ಟು ಹೋಗಬೇಡಿ. ಮಗು ನಿಂತಲ್ಲಿಂದಲೇ ಎಲ್ಲವನ್ನೂ ಕಲಿಯುತ್ತದೆ.

ಇದು ದೂರದೇಶದ ಮಾತೆಂದು ಹಳ್ಳಿಯ ಹಿರಿಯರು ನಿಶ್ಚಿಂತರಾಗಬೇಡಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ 2025ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಕಾಯಿದೆ ಬಾಗಿಲಿಗೆ ಅಗುಳಿ ಹಾಕಬಹುದು. ಮನಸ್ಸಿಗೆ ಅಗುಳಿ ಹಾಕುವವರು ಯಾರು? ಪಂಚಮಿಯ ದಿನ, ದೀಪಾವಳಿಯ ರಾತ್ರಿ ‘ಒಂದು ದಿನ ನಡೀತದ’ ಎಂದು ಕಟ್ಟೆಯ ಮೇಲೆ ಇಸ್ಪೀಟು ಹರಡಿದಾಗ, ಕಂಬದ ಮರೆಯಲ್ಲಿ ನಿಂತು ನೋಡುವ ಹುಡುಗನ ವಯಸ್ಸನ್ನು ನಾವು ಎಂದಾದರೂ ಕೇಳಿದ್ದೇವೆಯೆ? ಲಾಸ್ ವೇಗಾಸಿನ ಕಾವಲುಗಾರ ಕೇಳಿದ. ನಮ್ಮ ಊರ ಕಟ್ಟೆಯಲ್ಲಿ ಕೇಳುವವರಾರು?

ಆ ಹುಡುಗ ರಜೆಯಲ್ಲಿ ಗ್ರಂಥಾಲಯದಲ್ಲಿ ದುಡಿದು ತನ್ನ ಸಾಲ ತೀರಿಸಿದನೆಂದು ಆಮೇಲೆ ತಿಳಿಯಿತು. ತಂದೆ ಕೊಡಲು ಸಿದ್ಧರಿದ್ದರೂ ಅವನು ಒಪ್ಪಲಿಲ್ಲವಂತೆ. ಹಿರಿಯರು ಊರಿಗೆ ಮರಳಿದ ಮೇಲೆ ಮಠಕ್ಕೆ ಬಂದಿದ್ದರು. ‘ಅಜ್ಜಾರ, ಹೊಲ ತಿರುಗಿ ಬರಲಿಲ್ಲ, ಮೊಮ್ಮಗ ತಿರುಗಿ ಬಂದ’ ಎಂದರು. ನಮಗೆ ಅಷ್ಟೇ ಸಾಕಾಯಿತು.

ಮಕ್ಕಳ ಕೈ ಹಿಡಿಯಿರಿ. ಹಿಡಿಯುವ ಮೊದಲು ನಿಮ್ಮ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿರಿ. ಸರ್ವರಿಗೂ ಸನ್ಮಂಗಳವಾಗಲಿ.